ಕೋಳಿ ಒಡ್ಡಿಗೆ ತಾನಾಗಿ ಮುಚ್ಚುವ ಬಾಗಿಲು: ನನ್ನ ಅನುಭವ

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಅಡಿಕೆ ತೋಟದ ಜೊತೆಗೆ ಮೂವತ್ತರಷ್ಟು ಕೋಳಿಗಳಿವೆ. ಹೆಚ್ಚಿನವು ನಾಟಿ, ನಾಲ್ಕೈದು ಗಿರಿರಾಜ. ಹಗಲೆಲ್ಲ ತೋಟದಲ್ಲಿ ಕೆದಕಿಕೊಂಡಿದ್ದು ಸಂಜೆ ತಾವಾಗಿಯೇ ಒಡ್ಡಿಗೆ ಬರುತ್ತವೆ. ಮಬ್ಬು ಬೆಳಕಿನಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಅವುಗಳನ್ನು ಅಟ್ಟಿಸಿಕೊಂಡು ಬರುವ ಕೆಲಸವಿಲ್ಲ; ಬಾಗಿಲು ಮುಚ್ಚುವುದಷ್ಟೇ ನಮ್ಮ ಪಾಲಿನದು. ಮೂರು ವರ್ಷದ ಹಿಂದೆ ನೆಂಟರ ಮದುವೆಗೆ ಹೋದವರು ಮರಳುವಾಗ ರಾತ್ರಿ ಒಂಬತ್ತೂವರೆಯಾಯಿತು, ಅಷ್ಟರಲ್ಲಿ ಹನ್ನೊಂದು ಕೋಳಿಗಳು ಕತ್ತು ಕಚ್ಚಿಸಿಕೊಂಡು ಒಡ್ಡಿಯೊಳಗೇ ಬಿದ್ದಿದ್ದವು. ಬಾಗಿಲ ಬಳಿಯ ಹಸಿ ಮಣ್ಣಿನಲ್ಲಿ ದುಂಡನೆಯ ಹೆಜ್ಜೆಗಳಿದ್ದವು; ಉಗುರಿನ ಗುರುತು ಇರಲಿಲ್ಲವಾದ್ದರಿಂದ ಅದು ನಾಯಿಯಲ್ಲ, ಕಾಡುಬೆಕ್ಕು ಎಂದು ತಿಳಿದೆ. ಬೋನು ಇಡೋಣವೆಂದವರೂ ಇದ್ದರು. ಆದರೆ ಕಾಡುಬೆಕ್ಕು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ; ಅದಲ್ಲದೆ ಬಾಗಿಲು ತೆರೆದಿಟ್ಟವರು ನಾವು.

ಡಿಪ್ಲೊಮಾ ಓದಿದ ನನ್ನ ಅಕ್ಕನ ಮಗ ಬಂದಿದ್ದಾಗ, "ಮಾವ, ಬಾಗಿಲು ತಾನಾಗಿ ಮುಚ್ಚುವ ಹಾಗೆ ಮಾಡಿಕೊಡುತ್ತೇನೆ" ಎಂದ. ಮೊದಲು ಮಾಡಿದ್ದು ಹಲಸಿನ ಹಲಗೆಯ ಬಾಗಿಲು, ಅದನ್ನು ದಾರದಿಂದ ಮೇಲೆಳೆಯುವ ಸಣ್ಣ ಮೋಟಾರು, ಕತ್ತಲಾದಾಗ ಮೋಟಾರನ್ನು ತಿರುಗಿಸಲು ಬೆಳಕಿನ ಏರಿಳಿತ ಗುರುತಿಸುವ ಒಂದು ಎಲ್‌ಡಿಆರ್. ಬೇಸಿಗೆಯಲ್ಲಿ ಚೆನ್ನಾಗಿಯೇ ನಡೆಯಿತು. ಮಳೆಗಾಲದಲ್ಲಿ ಒಂದೊಂದಾಗಿ ಎಲ್ಲವೂ ಕೈಕೊಟ್ಟವು.

ಹಲಗೆ ನೀರು ಕುಡಿದು ಉಬ್ಬಿ ಅರ್ಧದಲ್ಲಿ ಸಿಕ್ಕಿಕೊಂಡಿತು. ದಾರಕ್ಕೆ ಮೇಲೆತ್ತುವ ಶಕ್ತಿಯಿದೆಯೇ ಹೊರತು ಕೆಳಗೆ ಒತ್ತಿ ಹಿಡಿಯುವ ಶಕ್ತಿಯಿಲ್ಲ; ಬೀದಿನಾಯಿಯೊಂದು ಅಂಚಿಗೆ ಮೂತಿ ತೂರಿಸಿ ಬಾಗಿಲನ್ನು ಸಲೀಸಾಗಿ ಎತ್ತಿದ್ದನ್ನು ನಾನೇ ಕಂಡೆ. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಬೆಳಕಿನ ಲೆಕ್ಕ. ಜುಲೈ ತಿಂಗಳ ಒಂದು ಮಧ್ಯಾಹ್ನ ಮೂರೂವರೆಗೆ ಮೋಡ ಕವಿದು ತೋಟವೆಲ್ಲ ಕಪ್ಪಾದಾಗ ಬಾಗಿಲು ರಾತ್ರಿಯಾಯಿತೆಂದು ಇಳಿದುಬಿಟ್ಟಿತು; ಹದಿನೈದು ಕೋಳಿಗಳು ಹೊರಗೆ ಜಡಿಮಳೆಯಲ್ಲಿ ಬಾಗಿಲಿಗೆ ಒತ್ತಿಕೊಂಡು ನಿಂತಿದ್ದವು. ಕೊಯ್ಲಿನ ಕಾಲದಲ್ಲಿ ಇದರ ತದ್ವಿರುದ್ಧವಾಯಿತು. ಅಡಿಕೆ ಸುಲಿಯಲು ಅಂಗಳದಲ್ಲಿ ರಾತ್ರಿ ಹತ್ತರವರೆಗೆ ದೊಡ್ಡ ಬಲ್ಬು ಉರಿಯುತ್ತಿದ್ದುದರಿಂದ ಅದಕ್ಕೆ ಹಗಲು ಮುಗಿಯಲೇ ಇಲ್ಲ.

ಹಾಗೆಂದು ಬರೀ ಗಡಿಯಾರವನ್ನು ನಂಬುವುದೂ ಸರಿಹೋಗುವುದಿಲ್ಲ. ನಮ್ಮ ಕಡೆ ನವೆಂಬರ್ ಕೊನೆಯಲ್ಲಿ ಸೂರ್ಯ ಆರಕ್ಕೆ ಸ್ವಲ್ಪ ಮೊದಲೇ ಮುಳುಗಿದರೆ ಜುಲೈ ಆರಂಭದಲ್ಲಿ ಏಳರ ಸುಮಾರಿಗೆ ಮುಳುಗುತ್ತಾನೆ. ವರ್ಷವಿಡೀ ಆರೂವರೆ ಎಂದು ಇಟ್ಟರೆ ಜುಲೈಯಲ್ಲಿ ಕೋಳಿಗಳು ಇನ್ನೂ ತೋಟದಲ್ಲೇ ಇರುತ್ತವೆ. ಒಂದು ತಿಂಗಳು ದಿನವೂ ಕುರ್ಚಿ ಹಾಕಿಕೊಂಡು ಕೂತು ನೋಡಿದೆ. ಸೂರ್ಯ ಮುಳುಗಿದ ಹದಿನೈದು-ಇಪ್ಪತ್ತು ನಿಮಿಷದೊಳಗೆ ಕೊನೆಯ ಹೇಂಟೆ ಒಳಗೆ ಹೋಗುತ್ತಿತ್ತು. ಆದ್ದರಿಂದ ಈಗಿನ ಯಂತ್ರದಲ್ಲಿ ಹದಿನೈದು ದಿನಕ್ಕೊಂದರಂತೆ ಇಡೀ ವರ್ಷದ ಸೂರ್ಯಾಸ್ತದ ಹೊತ್ತನ್ನು ಬರೆದಿಟ್ಟು, ಅದಕ್ಕೆ ಮೂವತ್ತು ನಿಮಿಷ ಸೇರಿಸಿದ್ದೇವೆ. ಕರೆಂಟು ಹೋದರೂ ಸಮಯ ತಪ್ಪದಂತೆ ಒಳಗಿನ ಗಡಿಯಾರದ ಚಿಪ್‌ಗೆ ಬಟನ್ ಸೆಲ್ ಇದೆ. ಬೆಳಿಗ್ಗೆ ಬಾಗಿಲು ತೆರೆಯುವುದು ಏಳೂವರೆಗೆ. ನಸುಕಿನಲ್ಲಿ ಕಾಡುಬೆಕ್ಕು ಇನ್ನೂ ಸುತ್ತಮುತ್ತ ಇರುತ್ತದೆ ಎಂಬುದು ಒಂದು ಕಾರಣ. ಅಷ್ಟು ಹೊತ್ತಿಗೆ ಕೆಲವು ಹೇಂಟೆಗಳಾದರೂ ಒಳಗೇ ಮೊಟ್ಟೆ ಇಟ್ಟಿರುತ್ತವೆ ಎಂಬುದು ನನ್ನ ಹೆಂಡತಿ ಕಂಡುಕೊಂಡ ಲಾಭ.

ಈಗಿನ ಬಾಗಿಲು 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು. 12 ಇಂಚು ಎತ್ತರ, 10 ಇಂಚು ಅಗಲ, ತೂಕ ಸುಮಾರು 600 ಗ್ರಾಂ. ಅದು ಜಾರುವುದು ಕಿಟಕಿಗೆ ಹಾಕುವ ಅಲ್ಯೂಮಿನಿಯಂ ಚಾನೆಲ್ಲಿನಲ್ಲಿ. ಕೆಳಗೆ ಹಳಿಯನ್ನೇ ಇಟ್ಟಿಲ್ಲ, ಏಕೆಂದರೆ ಹೊಟ್ಟು, ಹಿಕ್ಕೆ ತುಂಬಿ ಬಾಗಿಲು ಪೂರ್ತಿ ಕೂರುವುದಿಲ್ಲ. ಬದಲಾಗಿ ನೆಲದಿಂದ ಎರಡು ಇಂಚು ಎತ್ತರದ ಹೊಸ್ತಿಲು ಕೊಟ್ಟು, ಬಾಗಿಲು ಅದರ ಹೊರಮೈಗೆ ತಾಗಿಕೊಂಡು ಇಳಿಯುವಂತೆ ಮಾಡಿದ್ದೇವೆ. ದಾರದ ಜಾಗಕ್ಕೆ 12 ವೋಲ್ಟಿನ ಲೀನಿಯರ್ ಆಕ್ಚುಯೇಟರ್ ಬಂದಿದೆ. ತಿರುಪಿನ ಸರಳು ಉದ್ದವಾಗುತ್ತ ಕುಗ್ಗುತ್ತ ಬಾಗಿಲನ್ನು ನಡೆಸುವ ಸಾಧನವಿದು. ವಿದ್ಯುತ್ ಇಲ್ಲದಾಗಲೂ ನಿಂತಲ್ಲೇ ಬಿಗಿಯಾಗಿ ನಿಲ್ಲುವುದರಿಂದ ನಾಯಿಯ ಮೂತಿಗೆ ಜಗ್ಗುವುದಿಲ್ಲ. ಆದರೆ ಇದೇ ಬಲಕ್ಕೆ ಕೋಳಿಯ ಕತ್ತು ಸಿಕ್ಕರೆ ಉಳಿಯದು. ಅದಕ್ಕಾಗಿ ಬಾಗಿಲ ಅಂಚಿಗೆ ರಬ್ಬರ್ ಪಟ್ಟಿ ಹಾಕಿ, ಇಳಿಯುವಾಗ ಏನಾದರೂ ಅಡ್ಡ ಬಂದು ಮೋಟಾರು ಹೆಚ್ಚು ಕರೆಂಟು ಎಳೆದ ಕೂಡಲೇ ಬಾಗಿಲು ಮೇಲೇರಿ ಒಂದು ನಿಮಿಷ ಕಾದು ಮತ್ತೆ ಇಳಿಯುವ ವ್ಯವಸ್ಥೆ ಮಾಡಿದೆವು. ಅದನ್ನು ಪರೀಕ್ಷಿಸಿದ್ದು ಬಾಳೆದಿಂಡು ಇಟ್ಟು. ಎರಡು ದಿಂಡು ಜಜ್ಜಿಹೋದ ಮೇಲೆ ಮೂರನೆಯದು ಉಳಿಯಿತು. ಬ್ಯಾಟರಿ 7 ಆಂಪಿಯರ್-ಅವರಿನದು. ಮಳೆಗಾಲದಲ್ಲಿ ಸೌರಫಲಕವನ್ನು ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ ಕರೆಂಟು ಇದ್ದಾಗ ಚಾರ್ಜ್ ಆಗುವಂತೆ ಮನೆಯಿಂದಲೇ ತಂತಿ ಎಳೆದಿದ್ದೇವೆ. ಎಲ್ಲ ಸೇರಿ ಆರೂವರೆ ಸಾವಿರ ರೂಪಾಯಿ ಹಿಡಿಯಿತು. ಹುಡುಗನ ಕೂಲಿ ಅದರಲ್ಲಿಲ್ಲ.

ಬಾಗಿಲು ಎಷ್ಟೇ ಗಟ್ಟಿಯಿದ್ದರೂ ಅದು ಒಡ್ಡಿಯ ಒಂದು ತೂತನ್ನಷ್ಟೇ ಮುಚ್ಚುತ್ತದೆ ಎಂಬುದು ಕಳೆದ ವರ್ಷ ಅಕ್ಟೋಬರಿನಲ್ಲಿ ಅರಿವಾಯಿತು. ಬೆಳಿಗ್ಗೆ ಬಾಗಿಲು ಸರಿಯಾದ ಹೊತ್ತಿಗೆ ತೆರೆದರೂ ಒಂದು ಕೋಳಿಯೂ ಹೊರಗೆ ಬರಲಿಲ್ಲ. ಬಗ್ಗಿ ನೋಡಿದರೆ ಎಲ್ಲವೂ ಮೇಲಿನ ಅಡ್ಡಗಳುವಿನ ಒಂದೇ ತುದಿಯಲ್ಲಿ ಉಸಿರು ಬಿಗಿಹಿಡಿದಂತೆ ಕೂತಿವೆ, ಕೆಳಗೆ ಮೊಟ್ಟೆಬುಟ್ಟಿಯ ಪಕ್ಕ ಹೆಬ್ಬಾವೊಂದು ಹುಂಜವನ್ನು ನುಂಗಿ ಸುರುಳಿ ಸುತ್ತಿಕೊಂಡಿದೆ. ಮುಸ್ಸಂಜೆಗೆ ಅದು ಮೊದಲೇ ಒಳಗೆ ಸೇರಿತ್ತು. ನಮ್ಮ ಬಾಗಿಲು ಅದನ್ನೂ ಕೋಳಿಗಳನ್ನೂ ಒಟ್ಟಿಗೆ ಕೂಡಿಹಾಕಿತ್ತು. ಅರಣ್ಯ ಇಲಾಖೆಯವರಿಗೆ ತಿಳಿಸಿದೆವು, ಅವರು ಬಂದು ಹಿಡಿದು ಕಾಡಿಗೆ ಬಿಟ್ಟರು. ಅಂದಿನಿಂದ ಬಾಗಿಲು ಇಳಿದ ಮೇಲೆ ಟಾರ್ಚ್ ಹಿಡಿದು ಒಳಗೊಮ್ಮೆ ನೋಡಿ, ತಲೆ ಎಣಿಸಿ ಬರುವುದನ್ನು ತಪ್ಪಿಸಿಲ್ಲ. ಕಿಟಕಿಗಳಿಗಿದ್ದ ಹಳೆಯ ಕೋಳಿ ಬಲೆಯನ್ನು ತೆಗೆದು ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ಗಟ್ಟಿ ತಂತಿಯ ಜಾಲರಿ) ಹೊಡೆಸಿದ್ದೇನೆ.

ಹೊಸದಾಗಿ ತಂದ ಕೋಳಿಗಳನ್ನು ಹತ್ತು ದಿನ ಒಡ್ಡಿಯಲ್ಲೇ ಕೂಡಿಟ್ಟು ಆಮೇಲೆ ಹೊರಗೆ ಬಿಡುತ್ತೇನೆ. ಇಲ್ಲದಿದ್ದರೆ ಅವು ಕತ್ತಲಾದಾಗ ಮರ ಹತ್ತುತ್ತವೆ, ಬಾಗಿಲು ಖಾಲಿ ಗೂಡನ್ನು ಕಾಯುತ್ತದೆ. ಹಗಲಿನ ಮುಂಗುಸಿಗೆ, ಮರಿಗಳ ಮೇಲೆರಗುವ ಹದ್ದಿಗೆ ಈ ಬಾಗಿಲಿನಿಂದ ಏನೂ ಆಗದು. ತಿಂಗಳಿಗೊಮ್ಮೆ ಚಾನೆಲ್ಲನ್ನು ಒಣ ಬ್ರಷ್ಷಿನಿಂದ ಉಜ್ಜಬೇಕು, ಎಣ್ಣೆ ಹಾಕಬಾರದು. ಎಣ್ಣೆಗೆ ದೂಳು ಅಂಟಿ ಎರಡೇ ವಾರದಲ್ಲಿ ಮೇಣದಂತಾಗಿತ್ತು. ಮೊನ್ನೆ ಎಣಿಸುವಾಗ ಒಂದು ಕಡಿಮೆ ಬಂತು. ಕಪ್ಪು ಹೇಂಟೆ ಹುಲ್ಲು ಬಣವೆಯ ಸಂದಿನಲ್ಲಿ ಒಂಬತ್ತು ಮೊಟ್ಟೆಗಳ ಮೇಲೆ ಕಾವಿಗೆ ಕೂತಿತ್ತು; ಮೊಟ್ಟೆಗಳ ಸಮೇತ ಬುಟ್ಟಿಯಲ್ಲಿ ಎತ್ತಿಕೊಂಡು ಬಂದು, ಬಟನ್ ಒತ್ತಿ ಬಾಗಿಲು ತೆರೆದು ಒಳಗಿಟ್ಟೆ.