ಅಮೆರಿಕದಿಂದ ಬಂದ ಫೋನಿಗೆ ನಮ್ಮ ಸಿಮ್ ಹಾಕುವ ಮುನ್ನ

ರಜೆಗೆಂದು ಊರಿಗೆ ಬರುವ ಮಕ್ಕಳು ಅಪ್ಪ ಅಮ್ಮನಿಗೆ ಅಮೆರಿಕದಿಂದ ಫೋನು ತರುವುದು ಈಗ ನಮ್ಮ ಕಡೆ ಮನೆಮನೆಯ ಸಂಗತಿ. ಆ ಫೋನನ್ನು ಡಬ್ಬಿಯಿಂದ ತೆಗೆದು, ಮೇಲಿನ ಪ್ಲಾಸ್ಟಿಕ್ ಹಾಳೆ ಕಿತ್ತು, ಹಳೆಯ ಫೋನಿನ ಸಿಮ್ ಅದಕ್ಕೆ ಹಾಕಿದ ಮೇಲೆ ಪರದೆಯಲ್ಲಿ ‘ಸಿಮ್ ನಾಟ್ ಸಪೋರ್ಟೆಡ್’ ಎಂದು ಮೂಡಿದಾಗ ಆಗುವ ನಿರಾಸೆಯನ್ನು ನಾನು ಐದಾರು ಮನೆಗಳಲ್ಲಿ ಕಂಡಿದ್ದೇನೆ. ಎಲ್ಲ ಕಡೆಯೂ ತಪ್ಪು ಒಂದೇ ಆಗಿತ್ತು. ಇಲ್ಲಿಗೆ ಬಂದ ಮೇಲೆ ಮಾಡಿದ ಪರೀಕ್ಷೆಯನ್ನು ಫೋನು ಅಲ್ಲಿಂದ ಹೊರಡುವ ಮೊದಲೇ ಮಾಡಬೇಕಿತ್ತು.

ನಮ್ಮ ದೇಶದ ಅಂಗಡಿಗಳಲ್ಲಿ ಸಿಗುವ ಫೋನುಗಳು ಬಹುಪಾಲು ಯಾವ ಕಂಪನಿಯ ಸಿಮ್ಮಿಗೂ ಒಗ್ಗುತ್ತವೆ. 2017ರಲ್ಲಿ ಬಂದ ಜಿಯೋಫೋನ್‌ನಂತಹ ಕೆಲವನ್ನು ಬಿಟ್ಟರೆ, ಒಂದೇ ಕಂಪನಿಗೆ ಕಟ್ಟಿಹಾಕಿದ ಫೋನು ಎಂಬ ಕಲ್ಪನೆಯೇ ನಮಗೆ ಅಷ್ಟಾಗಿ ಇಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಎಟಿ ಆ್ಯಂಡ್ ಟಿ, ವೆರಿಝಾನ್, ಟಿ-ಮೊಬೈಲ್ ಮುಂತಾದ ಕಂಪನಿಗಳೇ ಫೋನನ್ನು ಎರಡು ಮೂರು ವರ್ಷಗಳ ಕಂತಿನಲ್ಲಿ ಕೊಡುತ್ತವೆ ಮತ್ತು ಸಾಮಾನ್ಯವಾಗಿ ಕಂತು ತೀರುವವರೆಗೆ ಬೇರೆಯವರ ಸಿಮ್ ನಡೆಯದಂತೆ ಫೋನಿಗೆ ಬೀಗ ಹಾಕಿರುತ್ತವೆ. ಈ ಬೀಗ ಇಲ್ಲದ ಫೋನಿಗೆ ಅನ್‌ಲಾಕ್ ಆದ ಫೋನು ಎನ್ನುತ್ತಾರೆ.

ಹಂತ 1: ಬೀಗ ಇದೆಯೇ ಎಂದು ನೋಡುವುದು

ಈ ಹಂತದಲ್ಲಿಯೇ ಹೆಚ್ಚು ಜನ ಎಡವುವುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ‘ಫೋನು ಲಾಕ್ ಇದೆಯಾ’ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಳ್ಳುತ್ತಾರೆ. ಬೆರಳಚ್ಚು ಅಥವಾ ಪಿನ್ ಕೊಟ್ಟು ತೆರೆಯುವುದು ಪರದೆಯ ಬೀಗ. ಹಳೆಯ ಮಾಲೀಕರ ಆಪಲ್ ಅಥವಾ ಗೂಗಲ್ ಖಾತೆಗೆ ಫೋನು ಅಂಟಿಕೊಂಡಿರುವುದು ಖಾತೆಯ ಬೀಗ. ಕೊಡುವವರು ತಮ್ಮ ಖಾತೆಯಿಂದ ಹೊರಬಂದು ಫೋನನ್ನು ಪೂರ್ತಿ ಅಳಿಸಿ ಕೊಟ್ಟರೆ ಅದು ಹೋಗುತ್ತದೆ. ನಾವು ಹುಡುಕುತ್ತಿರುವುದು ಮೂರನೆಯದಾದ ನೆಟ್‌ವರ್ಕ್ ಬೀಗವನ್ನು. ಮೊದಲ ಎರಡು ಇಲ್ಲದ, ಹೊಚ್ಚ ಹೊಸದಾಗಿ ಕಾಣುವ ಫೋನಿನಲ್ಲಿಯೂ ಅದು ಇರಬಹುದು.

ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್ ತೆರೆದು ಕೆಳಕ್ಕೆ ಸರಿಸುತ್ತ ಹೋದರೆ ‘ಕ್ಯಾರಿಯರ್ ಲಾಕ್’ ಎಂಬ ಸಾಲು ಸಿಗುತ್ತದೆ. ಅದರ ಎದುರು ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿದ್ದರೆ ಮಾತ್ರ ಒಪ್ಪಿಕೊಳ್ಳಿ. ಬೇರೆ ಏನೇ ಬರೆದಿದ್ದರೂ ಬೀಗ ಇದೆ ಎಂದೇ ಅರ್ಥ. ಮಗನಿಗೋ ಮಗಳಿಗೋ ಆ ಪುಟದ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಲು ಹೇಳಿ. ‘ಅನ್‌ಲಾಕ್ ಆಗಿದೆ ಅಂತ ಅಂಗಡಿಯವರು ಹೇಳಿದರು’ ಎಂಬ ಮಾತನ್ನು ನಂಬಿಕೊಂಡು ಕೂರಬೇಡಿ. ಆ್ಯಂಡ್ರಾಯ್ಡ್ ಫೋನಿನಲ್ಲಿ ಇಷ್ಟು ಖಚಿತವಾದ ಪುಟ ಎಲ್ಲ ಮಾದರಿಗಳಲ್ಲಿಯೂ ಇರುವುದಿಲ್ಲ. ಆದ್ದರಿಂದ ಅಲ್ಲಿಯೇ ಗೆಳೆಯರೊಬ್ಬರಿಂದ ಬೇರೆ ಕಂಪನಿಯ ಸಿಮ್ ಎರವಲು ತಂದು, ಹಾಕಿ, ಒಂದು ಕರೆ ಮಾಡಿ ನೋಡಬೇಕು. ‘ಸಿಮ್ ನೆಟ್‌ವರ್ಕ್ ಅನ್‌ಲಾಕ್ ಪಿನ್’ ಎಂದು ಕೇಳಿದರೆ ಯಾವ ಅಂಕಿಯನ್ನೂ ಒತ್ತದೆ ಅಲ್ಲಿಗೆ ನಿಲ್ಲಿಸಿ. ತಪ್ಪು ಅಂಕಿಗಳನ್ನು ಪದೇ ಪದೇ ಒತ್ತಿದರೆ ಆ ಪ್ರಯತ್ನದ ದಾರಿಯೇ ಮುಚ್ಚಿಹೋಗುತ್ತದೆ.

ಬೀಗ ಹಾಕಿದ ಕಂಪನಿಯೇ ಅದನ್ನು ತೆಗೆಯಬೇಕು. ಆಪಲ್ ಆಗಲಿ ಸ್ಯಾಮ್‌ಸಂಗ್ ಆಗಲಿ ನಿಮ್ಮ ಪರವಾಗಿ ತೆಗೆದುಕೊಡುವುದಿಲ್ಲ. ಸಾಮಾನ್ಯವಾಗಿ ಕಂತಿನ ಹಣ ಪೂರ್ತಿ ಸಂದಾಯವಾಗಿರಬೇಕು, ಜೊತೆಗೆ ಫೋನನ್ನು ಅದೇ ಜಾಲದಲ್ಲಿ ಇಂತಿಷ್ಟು ದಿನ ಬಳಸಿರಬೇಕು. ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಎಟಿ ಆ್ಯಂಡ್ ಟಿ 60 ದಿನ, ಟಿ-ಮೊಬೈಲ್ 40 ದಿನ ಎಂದು ನಿಯಮ ಮಾಡಿಕೊಂಡಿವೆ. ಪ್ರೀಪೇಯ್ಡ್ ಫೋನುಗಳಿಗೆ ಈ ಅವಧಿ ಒಂದು ವರ್ಷದವರೆಗೂ ಹೋಗುವುದುಂಟು. ನಿಯಮಗಳು ಬದಲಾಗುತ್ತಿರುವುದರಿಂದ ಕೊಳ್ಳುವ ದಿನವೇ ಕೇಳಿಕೊಳ್ಳಬೇಕು. ಹೊರಡುವ ಹಿಂದಿನ ವಾರ ‘ಬೆಲೆ ಬಹಳ ಕಡಿಮೆ ಇತ್ತು’ ಎಂದು ಪ್ರೀಪೇಯ್ಡ್ ಕಂಪನಿಯ ಫೋನು ಕೊಂಡವರಿಗೆ ಅದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಇಲ್ಲಿಯ ಅಂಗಡಿಗಳಲ್ಲಿ ಸಿಮ್ಮಿನ ಕೆಳಗೆ ಅಂಟಿಸುವ, ಕಾಗದದಷ್ಟು ತೆಳುವಾದ ಚಿಪ್ಪೊಂದನ್ನು ಮಾರುತ್ತಾರೆ. ಬೀಗ ಇರುವ ಐಫೋನನ್ನು ಅದು ನಂಬಿಸಿ ಸಿಮ್ ಒಪ್ಪಿಕೊಳ್ಳುವಂತೆ ಮಾಡುತ್ತದೆ. ನನ್ನ ಅಕ್ಕನ ಮಗ ತಂದ ಫೋನಿಗೆ ನಾನೂ ಅದನ್ನು ಹಾಕಿಸಿದ್ದೆ. ಎರಡು ತಿಂಗಳು ನಡೆದ ಫೋನು ಒಂದು ರಾತ್ರಿ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಬೆಳಿಗ್ಗೆ ‘ನೋ ಸರ್ವಿಸ್’ ತೋರಿಸಿತು. ಸಿಮ್ ತಟ್ಟೆಯನ್ನು ಹೊರಗೆಳೆದರೆ ಚಿಪ್ಪಿನ ಒಂದು ಮೂಲೆ ಮಡಚಿ ಒಳಗೇ ಸಿಕ್ಕಿಕೊಂಡಿತ್ತು. ಅದನ್ನು ಕೊಳ್ಳಲೇಬೇಡಿ. ‘ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಕಳಿಸಿ, ಹಣ ಹಾಕಿ, ಎರಡು ದಿನದಲ್ಲಿ ಅನ್‌ಲಾಕ್ ಮಾಡಿಕೊಡುತ್ತೇವೆ’ ಎನ್ನುವವರಿಂದಲೂ ದೂರವಿರಿ.

ಹಂತ 2: ತರಂಗಾಂತರ ಮತ್ತು ಐಎಂಇಐ

ಬೀಗ ಇಲ್ಲದ ಮಾತ್ರಕ್ಕೆ ಫೋನು ಇಲ್ಲಿಯ ಟವರುಗಳೊಡನೆ ಮಾತಾಡುತ್ತದೆ ಎಂದಿಲ್ಲ. ಫೋನು ಮತ್ತು ಟವರು ಮಾತಾಡುವ ತರಂಗಾಂತರದ ಪಟ್ಟಿಗಳಿಗೆ ಬ್ಯಾಂಡ್ ಎನ್ನುತ್ತಾರೆ. ಅಮೆರಿಕದ 4ಜಿ ಹೆಚ್ಚಾಗಿ 2, 4, 12, 13, 66, 71ನೇ ಬ್ಯಾಂಡ್‌ಗಳಲ್ಲಿ ನಡೆಯುತ್ತದೆ. ನಮ್ಮಲ್ಲಿ ಜಿಯೋ 3, 5, 40ನೇ ಬ್ಯಾಂಡ್‌ಗಳನ್ನೂ, ಏರ್‌ಟೆಲ್ 1, 3, 8, 40ನ್ನೂ ಬಳಸುತ್ತವೆ. ಬಿಎಸ್ಎನ್ಎಲ್ 4ಜಿಗೆ 1 ಮತ್ತು 28ನೇ ಬ್ಯಾಂಡ್ ಬೇಕು. 5ಜಿಗೆ ಮುಖ್ಯವಾಗಿ ಎನ್78 ಎಂಬ ಬ್ಯಾಂಡ್ ಇರಬೇಕು. ಐಫೋನ್ 12 ಮತ್ತು ನಂತರದವುಗಳಲ್ಲಿ ಇವೆಲ್ಲ ಇವೆ. ಅಲ್ಲಿಯ ಕಂಪನಿಗಳಿಗೆಂದೇ ಮಾಡಿದ ಅಗ್ಗದ ಆ್ಯಂಡ್ರಾಯ್ಡ್ ಫೋನುಗಳಲ್ಲಿ ಮಾತ್ರ ಮಾದರಿ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹುಡುಕಿ, ಒಂದೊಂದು ಅಂಕಿಯನ್ನೂ ತಾಳೆ ನೋಡಬೇಕು. ಜಿಯೋ ಬಳಸುವವರು ಇನ್ನೊಂದನ್ನು ಗಮನಿಸಬೇಕು. ಆ ಜಾಲದಲ್ಲಿ 2ಜಿ, 3ಜಿ ಇಲ್ಲವೇ ಇಲ್ಲ, ಆದ್ದರಿಂದ 4ಜಿ ಜಾಲದಲ್ಲೇ ಕರೆ ಸಾಗಿಸುವ ವಿಒಎಲ್‌ಟಿಇ (VoLTE) ವ್ಯವಸ್ಥೆಗೆ ಫೋನು ಒಪ್ಪದಿದ್ದರೆ ಇಂಟರ್ನೆಟ್ ಚೆನ್ನಾಗಿ ಬರುತ್ತದೆ, ಮಾಮೂಲಿ ಕರೆ ಮಾತ್ರ ಹೋಗುವುದಿಲ್ಲ.

*#06# ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಕಾಣುತ್ತದೆ. ಬಳಸಿದ ಫೋನಾದರೆ ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಬರೆದು, ಜಾಗ ಬಿಟ್ಟು, ಈ ಸಂಖ್ಯೆಯನ್ನು ಸೇರಿಸಿ 14422ಕ್ಕೆ ಎಸ್ಎಂಎಸ್ ಕಳಿಸಿ. ಅದು ಕಪ್ಪುಪಟ್ಟಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಸಂಖ್ಯೆಯನ್ನು ಕಾಗದದ ಮೇಲೂ ಬರೆದಿಡಿ. ಫೋನು ಕಳುವಾದಾಗ ಪೊಲೀಸ್ ದೂರಿನೊಂದಿಗೆ ಕೇಂದ್ರ ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ಅದನ್ನು ತಡೆಹಿಡಿಯಲು ಈ ಸಂಖ್ಯೆಯೇ ಬೇಕು.

ಹಂತ 3: ಸಿಮ್ ಅಥವಾ ಇ-ಸಿಮ್

ಸಿಮ್ ತಟ್ಟೆ ಇರುವ ಫೋನಾದರೆ ನ್ಯಾನೋ ಸಿಮ್ ಹಾಕಿದರೆ ಮುಗಿಯಿತು. ಹಳೆಯ ದೊಡ್ಡ ಸಿಮ್ ಇದ್ದರೆ ಕತ್ತರಿಯಲ್ಲಿ ಕತ್ತರಿಸದೆ ಕಂಪನಿಯ ಮಳಿಗೆಯಲ್ಲಿ ಬದಲಿಸಿಕೊಳ್ಳಿ.

2022ರ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನುಗಳಿಗೆ ಸಿಮ್ ತಟ್ಟೆಯೇ ಇಲ್ಲ. ಅವುಗಳಲ್ಲಿ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್ ಮಾತ್ರ ನಡೆಯುತ್ತದೆ. ಊರಿನಲ್ಲಿ ಒಂಟಿಯಾಗಿರುವ ಹಿರಿಯರಿಗೆ ಇಂಥ ಫೋನು ತರಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ. ತಟ್ಟೆ ಇರುವ ಫೋನು ಬಚ್ಚಲಲ್ಲಿ ಬಿದ್ದು ಕೆಟ್ಟರೂ ಅದರ ಸಿಮ್ಮನ್ನು ತೆಗೆದು ಬಟನ್ ಫೋನಿಗೆ ಹಾಕಿ ಒಂದು ನಿಮಿಷದಲ್ಲಿ ಮಗನಿಗೆ ಕರೆ ಮಾಡಬಹುದು. ಇ-ಸಿಮ್ ಆದರೆ ಪೇಟೆಯ ಮಳಿಗೆಗೆ ಹೋಗಿ ಬರುವವರೆಗೆ ಸಂಖ್ಯೆ ಮೌನವಾಗಿರುತ್ತದೆ.

ಆಗಲೇ ತಂದಾಗಿದ್ದರೆ, ಮೊದಲು ನಿಮ್ಮ ಸಂಖ್ಯೆಗೆ ಯಾವ ಇಮೇಲ್ ನೋಂದಣಿಯಾಗಿದೆ ಎಂದು ಖಚಿತ ಮಾಡಿಕೊಳ್ಳಿ. ಸಿಮ್ ಕೊಡುವಾಗ ಅಂಗಡಿಯ ಹುಡುಗ ತನಗೆ ತೋಚಿದ ವಿಳಾಸ ತುಂಬಿರುತ್ತಾನೆ, ಏರ್‌ಟೆಲ್, ವಿಐ (ವೊಡಾಫೋನ್ ಐಡಿಯಾ) ಕಂಪನಿಗಳ ಇ-ಸಿಮ್ ಕ್ಯೂಆರ್ ಸಂಕೇತ ಬರುವುದು ಆ ವಿಳಾಸಕ್ಕೇ. ಜಿಯೋಗೆ *#06# ಒತ್ತಿದಾಗ ಕಾಣುವ 32 ಅಂಕಿಯ ಇಐಡಿ, ಅಂದರೆ ಫೋನಿನ ಇ-ಸಿಮ್ ಚಿಪ್‌ನ ಗುರುತಿನ ಸಂಖ್ಯೆಯೂ ಬೇಕು. ಕೋರಿಕೆಯನ್ನು ಹಳೆಯ ಫೋನಿನಿಂದ ಕಂಪನಿಯ ಆ್ಯಪ್ ಅಥವಾ ಎಸ್ಎಂಎಸ್ ಮೂಲಕವೇ ಸಲ್ಲಿಸಿ. ‘ಇ-ಸಿಮ್ ಮಾಡಿಕೊಡುತ್ತೇವೆ’ ಎಂದು ತಾವಾಗಿ ಕರೆ ಮಾಡುವವರು ವಂಚಕರು, ಅವರಿಗೆ ಒಟಿಪಿಯನ್ನಾಗಲಿ ಕ್ಯೂಆರ್ ಚಿತ್ರವನ್ನಾಗಲಿ ಕೊಡಬೇಡಿ. ಹೊಸ ಫೋನನ್ನು ವೈಫೈಗೆ ಜೋಡಿಸಿ, ಸಂಕೇತವನ್ನು ಇನ್ನೊಂದು ಪರದೆಯ ಮೇಲೆ ತೆರೆದು ಸ್ಕ್ಯಾನ್ ಮಾಡಿ.

ಹೊಸ ಸಿಮ್ ಅಥವಾ ಇ-ಸಿಮ್ ಪಡೆಯಲು ದಿನ ಆರಿಸಿಕೊಳ್ಳುವಾಗ ಎಚ್ಚರ ಬೇಕು. ಸಿಮ್ ಬದಲಾದ ಮೇಲೆ ವಂಚನೆ ತಡೆಯಲೆಂದು 24 ಗಂಟೆಗಳ ಕಾಲ ಎಸ್ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಬ್ಯಾಂಕಿನ ಒಟಿಪಿ ಸಿಗುವುದಿಲ್ಲ, ಹೊಸ ಫೋನಿನಲ್ಲಿ ಯುಪಿಐ ಆ್ಯಪ್ ನೋಂದಣಿಗೆ ಎಸ್ಎಂಎಸ್ ಹೋಗಲೇಬೇಕಾದ್ದರಿಂದ ಅದೂ ನಿಲ್ಲುತ್ತದೆ. ಆಸ್ಪತ್ರೆಯ ಬಿಲ್ಲು, ಪ್ರಯಾಣ, ಮದುವೆಯ ಖರೀದಿ ಇರುವ ದಿನ ಇದಕ್ಕೆ ಕೈಹಾಕದೆ, ಕೈಯಲ್ಲಿ ನಗದು ಇಟ್ಟುಕೊಂಡು ಬಿಡುವಿನ ದಿನ ಮಾಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಿಯಮದಂತೆ ಸಿಮ್ ಬದಲಾಗಿ ಏಳು ದಿನ ಆಗುವವರೆಗೆ ಬೇರೆ ಕಂಪನಿಗೆ ಪೋರ್ಟ್ ಆಗಲೂ ಬರುವುದಿಲ್ಲ.

ಹಂತ 4: ಇಂಟರ್ನೆಟ್ ಬಾರದಿದ್ದರೆ

ಕರೆ ಹೋಗಿ ಇಂಟರ್ನೆಟ್ ಮಾತ್ರ ಬಾರದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಎಪಿಎನ್, ಅಂದರೆ ಫೋನನ್ನು ಕಂಪನಿಯ ಇಂಟರ್ನೆಟ್ಟಿಗೆ ಜೋಡಿಸುವ ಹೆಸರು, ನೋಡಿ. ಜಿಯೋಗೆ ಜಿಯೋನೆಟ್, ಬಿಎಸ್ಎನ್ಎಲ್‌ಗೆ ಬಿಎಸ್ಎನ್ಎಲ್‌ನೆಟ್ ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಜಾಗ ಬಿಡದೆ ಬರೆದು, ಉಳಿಸಿ, ಫೋನನ್ನು ಆರಿಸಿ ಮತ್ತೆ ಹಚ್ಚಿ. ಆಮೇಲೆ ವೈಫೈ ಬಂದ್ ಮಾಡಿ ಒಂದು ಪುಟ ತೆರೆದು ನೋಡಿ, ಒಂದು ಕರೆ ಮಾಡಿ, ಒಂದು ಕರೆ ತರಿಸಿಕೊಳ್ಳಿ. ಮರುದಿನ ಬ್ಯಾಂಕಿನ ಒಟಿಪಿ ಹೊಸ ಫೋನಿಗೆ ಬಂದದ್ದನ್ನು ಕಣ್ಣಾರೆ ಕಂಡ ನಂತರವೇ ಹಳೆಯ ಫೋನನ್ನು ಅಳಿಸಿ.