ನೆನೆಹಾಕುವುದು ಸುಲಭ, ತೆಗೆಯುವುದೇ ಕಷ್ಟ
ಮನೆಯಲ್ಲೇ ಹಣ್ಣು, ಸೊಪ್ಪು, ಮಸಾಲೆಯ ಘಮದ ಮದ್ಯ ಮಾಡುವ ಬಗೆ

ಹೋದ ತಿಂಗಳು ನಮ್ಮ ಭಾವ ಒಂದು ಬಾಟಲಿ ತಂದು ನನ್ನ ಮುಂದಿಟ್ಟರು. ಒಳಗೆ ಪಾಚಿ ಬಣ್ಣದ ನೀರು. ತಳದಲ್ಲಿ ಕರಿ ಚಿಂದಿಯಂತೆ ಬಿದ್ದಿದ್ದ ಪುದೀನ. ‘ಎರಡು ತಿಂಗಳಿಂದ ನೆನೀತಾ ಇದೆ ಕಣೋ, ರುಚಿ ನೋಡು’ ಅಂದರು. ನೋಡಿದೆ. ಮಳೆಯಲ್ಲಿ ನೆಂದ ಹುಲ್ಲಿನ ರುಚಿ. ಒಳ್ಳೆಯ ವೋಡ್ಕಾ ಒಂದು ಬಾಟಲಿ ದಂಡ.

ಇದು ಭಾವ ಒಬ್ಬರದೇ ತಪ್ಪಲ್ಲ. ಜಾಸ್ತಿ ದಿನ ಇಟ್ಟಷ್ಟೂ ಜಾಸ್ತಿ ರುಚಿ ಎಂದು ಎಲ್ಲರೂ ನಂಬಿಬಿಟ್ಟಿದ್ದಾರೆ. ಪುದೀನಕ್ಕೆ ಒಂದು ರಾತ್ರಿ ಸಾಕು ಎಂದರೆ ಯಾರೂ ಒಪ್ಪುವುದಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ನಾವು ಏನನ್ನೂ ಹುಳಿ ಬರಿಸುವುದಿಲ್ಲ, ಬಟ್ಟಿ ಇಳಿಸುವುದೂ ಇಲ್ಲ. ಸಿದ್ಧ ಮದ್ಯದಲ್ಲಿ ಹಣ್ಣು, ಸೊಪ್ಪು, ಮಸಾಲೆ ನೆನೆಸಿ ಘಮ ಇಳಿಸಿಕೊಳ್ಳುತ್ತೇವೆ, ಅಷ್ಟೇ. ಮನೆಯಲ್ಲಿ ಬಟ್ಟಿ ಇಳಿಸುವುದು ಹೆಚ್ಚಿನ ದೇಶಗಳಲ್ಲಿ ಅಪರಾಧ, ಬೆಂಕಿಯ ಅಪಾಯವಂತೂ ಇದ್ದೇ ಇದೆ. ನೆನೆಹಾಕುವುದಕ್ಕೂ ಕೆಲವು ಕಡೆ ನಿಯಮಗಳಿವೆ. ಜಪಾನಿನಲ್ಲಿ ಮನೆ ಬಳಕೆಗೆ ಹಣ್ಣಿನ ಮದ್ಯ ಮಾಡಬಹುದು. ಆದರೆ ನೆನೆಸುವ ಮದ್ಯದಲ್ಲಿ ಕನಿಷ್ಠ ಶೇ 20ರಷ್ಟು ಆಲ್ಕೋಹಾಲ್ ಇರಬೇಕು, ದ್ರಾಕ್ಷಿ ಹಾಕುವಂತಿಲ್ಲ. ನೀವಿರುವ ಕಡೆ ಏನು ನಿಯಮ ಎಂದು ನೋಡಿಕೊಳ್ಳಿ. ಮಾಡಿದ್ದನ್ನು ಮಾರಲು ಹೋಗಬೇಡಿ.

ಯಾವ ಮದ್ಯ?

ಮೊದಲ ಸಲಕ್ಕೆ ವೋಡ್ಕಾ. ಅದಕ್ಕೆ ತನ್ನದೇ ರುಚಿ ಕಡಿಮೆ, ಹಾಗಾಗಿ ನಿಮ್ಮ ತಪ್ಪೂ ಸರಿಯೂ ನೇರವಾಗಿ ಗೊತ್ತಾಗುತ್ತದೆ. ಕೈ ಪಳಗಿದ ಮೇಲೆ ಬಿಳಿ ರಮ್‌ಗೆ ಅನಾನಸ್, ಬ್ರಾಂಡಿಗೆ ಚೆರ್ರಿ, ಜಿನ್‌ಗೆ ಸೌತೆಕಾಯಿ ಹಾಕಿ ನೋಡಿ. ವಿಸ್ಕಿ ಮುಟ್ಟಬೇಡಿ ಎನ್ನುವುದು ನನ್ನ ಹಟ. ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತು ರುಚಿ ಪಡೆದು ಬಂದದ್ದಕ್ಕೆ ನಾವು ಇನ್ನೇನು ಸೇರಿಸುವುದು?

ತೀರಾ ಅಗ್ಗದ್ದು ಬೇಡ. ಹಣ್ಣು ಹಾಕಿದರೆ ಘಾಟು ಮುಚ್ಚಿಹೋಗುತ್ತದೆ ಎಂದುಕೊಂಡರೆ ಅದು ಸುಳ್ಳು, ಹಣ್ಣಿನ ಹಿಂದೆಯೇ ಘಾಟೂ ಬರುತ್ತದೆ. ತೀರಾ ದುಬಾರಿಯದೂ ವ್ಯರ್ಥ. ಆಲ್ಕೋಹಾಲ್ ಶೇ 40ರ ಆಸುಪಾಸಿನಲ್ಲಿರಲಿ. ಹಣ್ಣಿನ ನೀರು ಸೇರಿ ಅದು ಇನ್ನಷ್ಟು ಇಳಿಯುತ್ತದೆ. ಶುರುವಿನಲ್ಲೇ ಕಡಿಮೆಯಿದ್ದರೆ ಹಣ್ಣು ಕೆಡಬಹುದು. ಶೇ 95ರ ಸ್ಪಿರಿಟ್ ಹೊಸಬರಿಗೆ ಬೇಡವೇ ಬೇಡ. ಅದು ಒಳ್ಳೆಯದು ಕೆಟ್ಟದ್ದು ನೋಡದೆ ಎಲ್ಲವನ್ನೂ ಒಟ್ಟಿಗೆ ಎಳೆದುಕೊಳ್ಳುತ್ತದೆ.

ಪಾತ್ರೆ ಎಂದರೆ ಬಿಗಿ ಮುಚ್ಚಳದ, ಅಗಲ ಬಾಯಿಯ ಗಾಜಿನ ಜಾಡಿ. ಬಿಸಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಪ್ಲಾಸ್ಟಿಕ್ ಬೇಡ, ಕಿತ್ತಳೆ ನಿಂಬೆಗಳ ಸಿಪ್ಪೆಯ ಎಣ್ಣೆ ಕೆಲವು ಬಗೆಯ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ.

ಹಣ್ಣು, ಸೊಪ್ಪು ಸಿದ್ಧ ಮಾಡುವುದು

ಹಣ್ಣು ಮಾಗಿರಬೇಕು, ಕೊಳೆತಿರಬಾರದು. ತೊಳೆದು, ಒರೆಸಿ, ಹೆಚ್ಚಿ. ಅರ್ಧ ಲೀಟರ್ ವೋಡ್ಕಾಗೆ ಕಾಲು ಕಿಲೋ ಹಣ್ಣು ನನ್ನ ಲೆಕ್ಕ. ಹೆಪ್ಪುಗಟ್ಟಿಸಿದ ಬೆರಿ ಹಣ್ಣು ಹಾಕಬಹುದಾ ಎಂದು ಕೇಳುವವರಿದ್ದಾರೆ. ಧಾರಾಳವಾಗಿ ಹಾಕಿ. ಒಳಗಿನ ನೀರು ಹೆಪ್ಪುಗಟ್ಟುವಾಗ ಹಣ್ಣಿನ ಜೀವಕೋಶಗಳು ಒಡೆದಿರುತ್ತವೆ, ರಸ ಬೇಗ ಬಿಡುತ್ತದೆ. ನಾನು ಮನಸಾರೆ ಒಪ್ಪುವ ಅಡ್ಡದಾರಿ ಇದೊಂದೇ.

ನಿಂಬೆ, ಕಿತ್ತಳೆಯಲ್ಲಿ ಎಡವುವವರು ಜಾಸ್ತಿ. ಹಣ್ಣನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಹಾಕಿದರೆ ಜಾಡಿ ನೋಡಲು ಚೆಂದ, ಕುಡಿಯಲು ವಿಷದಷ್ಟು ಕಹಿ. ನಮಗೆ ಬೇಕಾದ ಎಣ್ಣೆ ಇರುವುದು ಹೊರಗಿನ ಬಣ್ಣದ ಪದರದಲ್ಲಿ ಮಾತ್ರ. ಅದರ ಕೆಳಗಿನ ಬಿಳಿ ಭಾಗ ಬರೀ ಕಹಿ. ಚೂಪಾದ ಪೀಲರ್‌ನಿಂದ ತೆಳ್ಳಗೆ ಹೆರೆಯಿರಿ. ಹಿಂಬದಿಯಲ್ಲಿ ಬಿಳಿ ಉಳಿದಿದ್ದರೆ ಸಿಪ್ಪೆಯನ್ನು ಹಲಗೆಯ ಮೇಲೆ ಅಂಗಾತ ಇಟ್ಟು ಚಾಕುವಿನಿಂದ ಕೆರೆದು ತೆಗೆಯಿರಿ. ಬೇಸರದ ಕೆಲಸ, ಆದರೂ ಬಿಡಬೇಡಿ. ಮೇಣ ಹಚ್ಚಿ ಹೊಳೆಯುವ ಹಣ್ಣಾದರೆ ಮೊದಲು ಬಿಸಿನೀರಲ್ಲಿ ಉಜ್ಜಿ.

ಚೆರ್ರಿ, ಪ್ಲಮ್, ಏಪ್ರಿಕಾಟ್‌ಗಳ ಓಟೆ ತೆಗೆದುಬಿಡಿ. ಓಟೆ ಒಡೆದು ಒಳಗಿನ ಬೀಜ ಹಾಕಿದರೆ ಬಾದಾಮಿ ಘಮ ಬರುತ್ತದೆ ಎಂದು ಹೇಳುವವರ ಮಾತು ನಿಜವೇ. ಆದರೆ ಆ ಘಮ ಹುಟ್ಟುವ ವಸ್ತುವಿನಿಂದಲೇ ಸಯನೈಡ್ ಕೂಡ ಹುಟ್ಟುತ್ತದೆ. ಬಾಳೆಹಣ್ಣು ಬೇಡ, ಗಂಜಿಯಾಗುತ್ತದೆ.

ಇನ್ನು ಕೆಲವನ್ನು ಜಾಡಿಯ ಹತ್ತಿರಕ್ಕೂ ತರಬೇಡಿ. ತಂಬಾಕು ಮೊದಲನೆಯದು. ಅದರ ನಿಕೋಟಿನ್ ಮದ್ಯದಲ್ಲಿ ಸುಲಭವಾಗಿ ಇಳಿಯುತ್ತದೆ, ಎಷ್ಟು ಇಳಿದಿದೆ ಎಂದು ಅಳೆಯುವ ದಾರಿ ಮನೆಯಲ್ಲಿಲ್ಲ. ಸಿಂಕೋನಾ ತೊಗಟೆಯದೂ ಇದೇ ಕತೆ, ಅದರಲ್ಲಿರುವುದು ಮಲೇರಿಯಾ ಔಷಧಿ ಕ್ವಿನೈನ್. ಗುರುತಿಲ್ಲದ ಕಾಡುಗಿಡ ಬೇಡ. ಸಾಂಬ್ರಾಣಿ ಪಾತ್ರೆಗೋ ಮಸಾಜಿಗೋ ಹಾಕುವ ಸುಗಂಧದೆಣ್ಣೆ ಎರಡು ಹನಿ ಬಿಟ್ಟರೆ ಕೆಲಸ ಮುಗಿಯಿತಲ್ಲ ಎನ್ನುವವರಿಗೆ ಒಂದೇ ಉತ್ತರ: ಅದು ಕುಡಿಯಲು ಮಾಡಿದ್ದಲ್ಲ. ದಿನಾ ಮಾತ್ರೆ ನುಂಗುವವರು ಗ್ರೇಪ್‌ಫ್ರೂಟ್ ಹಾಕುವ ಮೊದಲು ವೈದ್ಯರನ್ನು ಕೇಳಿ, ಅದು ಹಲವು ಔಷಧಿಗಳ ಜೊತೆ ಹೊಂದುವುದಿಲ್ಲ.

ಕಾಯುವುದು, ಅಂದರೆ ನಿಜವಾದ ಕೆಲಸ

ಎಲ್ಲರೂ ಜಾಡಿ ಮುಚ್ಚಿ ಮರೆತುಬಿಡುವುದು ಇಲ್ಲೇ.

ಆಲ್ಕೋಹಾಲ್‌ಗೆ ಒಂದು ಗುಣವಿದೆ. ಅದು ನೀರಿನ ಜೊತೆಯೂ ಬೆರೆಯುತ್ತದೆ, ಎಣ್ಣೆಯಂಥ ಘಮದ ವಸ್ತುಗಳನ್ನೂ ಕರಗಿಸುತ್ತದೆ. ಸೊಪ್ಪನ್ನು ವೋಡ್ಕಾದಲ್ಲಿ ಮುಳುಗಿಸಿದ ಮೊದಲ ಕೆಲವು ಗಂಟೆಗಳಲ್ಲಿ ಇಳಿಯುವುದು ಹಗುರವಾದ, ಮೂಗಿಗೆ ಹಿತವಾದ ಎಣ್ಣೆಗಳು. ಆಮೇಲೆ ನಿಧಾನವಾಗಿ ಹಸಿರು ಬಣ್ಣ, ಒಗರು, ಕಹಿ ಇಳಿಯುತ್ತವೆ. ಅಂದರೆ ನಮಗೆ ಬೇಕಾದ್ದು ಮೊದಲು ಬರುತ್ತದೆ, ಬೇಡದ್ದು ತಡವಾಗಿ ಬರುತ್ತದೆ. ಭಾವನ ಪುದೀನದಲ್ಲಿ ಬೇಕಾದ್ದು ಮೊದಲ ರಾತ್ರಿಯೇ ಬಂದಾಗಿತ್ತು. ಉಳಿದ ಐವತ್ತೊಂಬತ್ತು ದಿನ ಅವರು ಕಾದಿದ್ದು ಹುಲ್ಲಿಗೆ.

ಒಂದೊಂದಕ್ಕೂ ಒಂದೊಂದು ಹೊತ್ತು. ಹಸಿ ಮೆಣಸಿನಕಾಯಿ ಹಾಕಿದರೆ ಗಂಟೆಗೊಮ್ಮೆ ನೋಡಿ. ನಾನು ಎರಡು ಗಂಟೆಯಲ್ಲಿ ತೆಗೆದದ್ದೂ ಉಂಟು. ಚಹಾ ಎಲೆಯೂ ಅಷ್ಟೇ, ಎರಡು ಗಂಟೆ ದಾಟಿದರೆ ನಾಲಿಗೆ ಒಣಗುವಷ್ಟು ಒಗರು. ಪುದೀನ, ತುಳಸಿ ಜಾತಿಯ ಸೊಪ್ಪುಗಳಿಗೆ ಆರರಿಂದ ಹನ್ನೆರಡು ಗಂಟೆ. ರೋಸ್ಮರಿಗೆ ಒಂದು ದಿನ. ಲವಂಗ, ಏಲಕ್ಕಿಗೂ ಒಂದೇ ದಿನ. ಅರ್ಧ ಲೀಟರಿಗೆ ಮೂರು ಲವಂಗ ಹಾಕಿದರೆ ಜಾಸ್ತಿಯಾಯಿತು. ಚಕ್ಕೆ ಒಂದು ತುಂಡಾದರೆ ಎರಡು ಮೂರು ದಿನ. ಶುಂಠಿಗೆ ನಾಲ್ಕು ದಿನ. ನಿಂಬೆ ಸಿಪ್ಪೆಗೆ ನಾಲ್ಕರಿಂದ ಏಳು. ಸ್ಟ್ರಾಬೆರಿ, ರಾಸ್ಪ್‌ಬೆರಿ, ಅನಾನಸ್‌ಗೆ ಐದರಿಂದ ಏಳು. ಸೇಬು, ಚೆರ್ರಿ, ಪ್ಲಮ್ ಎರಡು ವಾರ ಕೂತರೂ ತೊಂದರೆಯಿಲ್ಲ. ಸೀಳಿದ ವೆನಿಲಾ ಕೋಡು ಮಾತ್ರ ವಾರಗಟ್ಟಲೆ ಇರಲಿ, ಅದು ಸಿಟ್ಟಾಗುವುದಿಲ್ಲ.

ಈ ಲೆಕ್ಕವನ್ನು ಗೋಡೆಗೆ ಅಂಟಿಸಿಕೊಂಡರೆ ಸಾಲದು, ಅಲ್ವಾ? ನಿಮ್ಮ ಮೆಣಸಿನಕಾಯಿ ನನ್ನದರಷ್ಟೇ ಖಾರ ಇರಬೇಕೆಂದಿಲ್ಲ. ಹಾಗಾಗಿ ದಿನಕ್ಕೊಮ್ಮೆ ರುಚಿ ನೋಡಬೇಕು, ಅದಕ್ಕೂ ಒಂದು ಕ್ರಮವಿದೆ. ಜಾಡಿಯನ್ನು ಮೆಲ್ಲಗೆ ಅಲುಗಿಸಿ. ಶುದ್ಧ ಚಮಚದಲ್ಲಿ ಒಂದು ಚಮಚ ತೆಗೆದು ಲೋಟಕ್ಕೆ ಹಾಕಿ, ಅಷ್ಟೇ ನೀರು ಬೆರೆಸಿ. ನೀರು ಬೆರೆಸದೆ ನೋಡಿದರೆ ಆಲ್ಕೋಹಾಲ್ ನಾಲಿಗೆಯನ್ನು ಸುಟ್ಟು ಮಂಕು ಮಾಡುತ್ತದೆ, ಕಹಿ ಶುರುವಾಗಿದ್ದೇ ತಿಳಿಯುವುದಿಲ್ಲ. ಮೊದಲು ಮೂಸಿ ನೋಡಿ, ಆಮೇಲೆ ಗುಟುಕರಿಸಿ. ನುಂಗಿದ ಮೇಲೆ ಹತ್ತು ಎಣಿಸಿ. ಒಗರು, ಕಹಿ ಕಾಣಿಸುವುದು ಆ ಹತ್ತರೊಳಗೆ, ಗಂಟಲ ಹತ್ತಿರ. ಜಾಡಿಗೆ ಒಂದು ಪಟ್ಟಿ ಅಂಟಿಸಿ ತಾರೀಖು, ಹೊತ್ತು, ಅನಿಸಿದ್ದನ್ನು ಬರೆಯಿರಿ. ‘ಇನ್ನು ಸ್ವಲ್ಪ ಇದ್ದರೆ ಪರ್ಫೆಕ್ಟ್’ ಅನಿಸಿದ ಗಳಿಗೆಯಲ್ಲೇ ಸೋಸಿಬಿಡಿ. ಆ ‘ಇನ್ನು ಸ್ವಲ್ಪ’ವೇ ಬಾಟಲಿ ಕೆಡಿಸುವುದು.

ಕಣ್ಣಿಗೂ ಗುರುತು ಸಿಗುತ್ತದೆ. ಸ್ಟ್ರಾಬೆರಿ ಬಿಳಿಚಿಕೊಂಡು ದೆವ್ವದಂತೆ ಕಂಡರೆ ಅದರ ಕೆಲಸ ಮುಗಿಯಿತು. ಸೊಪ್ಪಿನ ಅಂಚು ಕಪ್ಪಾಗಲು ಶುರುವಾದರೆ ಆಗಲೇ ತಡವಾಗಿದೆ. ಹಣ್ಣು ಮೇಲಕ್ಕೆ ತೇಲಿ ಗಾಳಿಗೆ ಒಡ್ಡಿಕೊಂಡರೆ ಅಲ್ಲೇ ಕೆಡಲು ಶುರು, ಪೂರ್ತಿ ಮುಳುಗುವಷ್ಟು ಮದ್ಯ ಇರಲಿ.

ಈಗ ಎರಡನೆಯ ದೊಡ್ಡ ತಪ್ಪು. ಸ್ಟ್ರಾಬೆರಿ, ತುಳಸಿ, ಮೆಣಸಿನಕಾಯಿ ಮೂರನ್ನೂ ಒಂದೇ ದಿನ ಒಂದೇ ಜಾಡಿಗೆ ತುಂಬುವುದು. ಒಂದಕ್ಕೆ ಆರು ದಿನ ಬೇಕು, ಒಂದಕ್ಕೆ ಆರು ಗಂಟೆ, ಒಂದಕ್ಕೆ ಎರಡು. ಮೊದಲು ಸ್ಟ್ರಾಬೆರಿ ಹಾಕಿ. ಅದು ಆದ ದಿನ ಬೆಳಗ್ಗೆ ತುಳಸಿ ಹಾಕಿ ಸಂಜೆ ಎಲ್ಲವನ್ನೂ ಸೋಸಿ. ಮೆಣಸಿನಕಾಯಿಯನ್ನು ಬೇರೆ ಪುಟ್ಟ ಬಾಟಲಿಯಲ್ಲಿ ನೆನೆಸಿಟ್ಟುಕೊಂಡು ಕೊನೆಗೆ ಚಮಚದ ಲೆಕ್ಕದಲ್ಲಿ ಬೆರೆಸಿ. ಖಾರ ಸೇರಿಸಬಹುದು, ಹೊರಗೆ ತೆಗೆಯಲು ಆಗುವುದಿಲ್ಲ. ಆಗಲೇ ಕೈಮೀರಿದ್ದರೆ ಅಷ್ಟೇ ಪ್ರಮಾಣದ ಬರೀ ವೋಡ್ಕಾ ಬೆರೆಸಿ ತೆಳು ಮಾಡಿ. ಸಕ್ಕರೆ ಕಹಿಯನ್ನು ಸ್ವಲ್ಪ ಮರೆಮಾಡುತ್ತದೆ, ಓಡಿಸುವುದಿಲ್ಲ.

ಜಾಡಿಯನ್ನು ಕಪಾಟಿನ ಕತ್ತಲಲ್ಲಿಡಿ, ಬಿಸಿಲಿಗೆ ಬಣ್ಣ ಹಾಳು. ಬೇಗ ಆಗಲಿ ಎಂದು ಒಲೆಯ ಮೇಲೆ ಬಿಸಿ ಮಾಡುವವರನ್ನು ನೋಡಿ ನನ್ನ ಎದೆ ಝಲ್ ಎಂದಿದೆ. ಶೇ 40ರ ಮದ್ಯ ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗೆ ಬಂದರೆ ಸಾಕು, ಹತ್ತಿರ ಕಿಡಿ ಇದ್ದರೆ ಅದರ ಆವಿ ಹೊತ್ತಿಕೊಳ್ಳಬಹುದು. ಇನ್ನು ‘ಕಿಟ್’ ಎಂದು ಮಾರುವ ಅಲಂಕಾರದ ಡಬ್ಬಿಗಳಿವೆ. ನಾನೂ ಒಂದಕ್ಕೆ ದುಡ್ಡು ಸುರಿದಿದ್ದೇನೆ. ಒಳಗಿದ್ದದ್ದು ನಾಲ್ಕು ಒಣ ಕಿತ್ತಳೆ ಬಿಲ್ಲೆ, ಒಂದಿಷ್ಟು ಸಕ್ಕರೆ, ಚಕ್ಕೆ ಪುಡಿ. ಬಿಲ್ಲೆಯ ಬಿಳಿ ಭಾಗ ಹಾಗೇ ಇತ್ತು. ಪುಡಿಯಂತೂ ಎಷ್ಟು ಸೋಸಿದರೂ ಹೋಗಲಿಲ್ಲ. ಮಸಾಲೆ ಯಾವತ್ತೂ ಇಡಿಯಾಗಿಯೇ ಇರಲಿ.

ಸೋಸುವುದು

ಮೊದಲು ಜರಡಿ, ಆಮೇಲೆ ತೆಳು ಹತ್ತಿಬಟ್ಟೆ, ಕೊನೆಗೆ ಕಾಫಿ ಸೋಸುವ ಕಾಗದ. ಕಾಗದವನ್ನು ಮೊದಲೇ ನೀರಲ್ಲಿ ನೆನೆಸಿಕೊಳ್ಳಿ, ಇಲ್ಲದಿದ್ದರೆ ಅದೇ ಒಂದಿಷ್ಟು ಕುಡಿದುಬಿಡುತ್ತದೆ. ಬಟ್ಟೆಯನ್ನು ಹಿಂಡಬೇಡಿ. ಹಿಂಡಿದರೆ ಸಿಗುವುದು ಎರಡು ಚಮಚ, ಅದರ ಜೊತೆ ಬರುವ ಹಣ್ಣಿನ ಅಂಟಿನಿಂದ ಇಡೀ ಬಾಟಲಿ ಮಂಕಾಗುತ್ತದೆ. ಹಾಗೂ ಮಂಕಾದರೆ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಬೆಳಗ್ಗೆ ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ.

ಸಿಹಿ ಬೇಕೇ?

ನನಗೆ ಬೇಡ. ಬೇಕಾದವರು ಸೋಸಿದ ಮೇಲೆ ಹಾಕಲಿ, ಮೊದಲೇ ಹಾಕಿದರೆ ರುಚಿ ನೋಡುವ ನಾಲಿಗೆ ಮೋಸಹೋಗುತ್ತದೆ. ಸಕ್ಕರೆ, ನೀರು ಸಮಸಮ ಹಾಕಿ ಕಾಯಿಸಿ, ಪೂರ್ತಿ ಆರಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಬೆರೆಸಿ. ಪಾಕದಿಂದ ಆಲ್ಕೋಹಾಲ್ ಇಳಿಯುತ್ತದೆ ಎನ್ನುವುದು ನೆನಪಿರಲಿ. ಶೇ 40ರ ಅರ್ಧ ಲೀಟರಿಗೆ 150 ಮಿಲಿ ಲೀಟರ್ ಪಾಕ ಸೇರಿಸಿದರೆ ಅದು ಶೇ 31ರ ಹತ್ತಿರಕ್ಕೆ ಬರುತ್ತದೆ. ನಿಂಬೆ ಸಿಪ್ಪೆಯದಕ್ಕೆ ಪಾಕ ಹಾಕಿದೊಡನೆ ಹಾಲಿನಂತೆ ಮಸುಕಾದರೆ ಹೆದರಬೇಡಿ. ಆಲ್ಕೋಹಾಲ್ ಕಡಿಮೆಯಾದಾಗ ಸಿಪ್ಪೆಯ ಎಣ್ಣೆ ಸಣ್ಣ ಹನಿಗಳಾಗಿ ಹೊರಬರುತ್ತದೆ. ಇಟಲಿಯ ನಿಂಬೆ ಸಿಪ್ಪೆಯ ಮದ್ಯ ಲಿಮೊನ್ಚೆಲ್ಲೊ ಮಸುಕಾಗಿರುವುದೂ ಇದರಿಂದಲೇ.

ಬಾಟಲಿಗೆ ತುಂಬಿ ಒಂದು ವಾರ ಬಿಡಿ, ರುಚಿ ಹೊಂದಿಕೊಳ್ಳುತ್ತದೆ. ಸೊಪ್ಪಿನದನ್ನು ಒಂದೆರಡು ತಿಂಗಳಲ್ಲಿ ಮುಗಿಸಿ, ಘಮ ಬೇಗ ಸಾಯುತ್ತದೆ. ಸಿಪ್ಪೆ, ಮಸಾಲೆಯದ್ದು ಆರು ತಿಂಗಳು ಚೆನ್ನಾಗಿರುತ್ತದೆ. ಏನು ಹಾಕಿದೆ, ಯಾವಾಗ ಸೋಸಿದೆ ಎಂದು ಚೀಟಿ ಅಂಟಿಸಿ, ಜೊತೆಗೆ ‘ಮದ್ಯ’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಸ್ಟ್ರಾಬೆರಿ ವೋಡ್ಕಾ ನೋಡಲು ಥೇಟ್ ಶರಬತ್ತು.

ಉಳಿದ ಹಣ್ಣನ್ನು ಸುಮ್ನೆ ಎಸೆಯುವವರಿದ್ದಾರೆ. ಸ್ಟ್ರಾಬೆರಿಯಲ್ಲಿ ರುಚಿ ಉಳಿದಿರುವುದಿಲ್ಲ, ಅದನ್ನು ಎಸೆಯಿರಿ. ಚೆರ್ರಿ, ಅನಾನಸ್ ಮಾತ್ರ ಇಟ್ಟುಕೊಳ್ಳಿ, ಐಸ್‌ಕ್ರೀಮ್ ಮೇಲೆ ಸೊಗಸು. ಹೀರಿದ ಮದ್ಯ ಒಳಗೇ ಇರುತ್ತದೆ, ಒಂದು ಬಟ್ಟಲು ತಿಂದರೆ ಒಂದು ಪೆಗ್ ಕುಡಿದಷ್ಟಾದೀತು. ಡಬ್ಬಿಯನ್ನು ಮಕ್ಕಳ ಕೈಗೆ ಎಟುಕದ ಮೇಲಿನ ಅರೆಯಲ್ಲಿಡಿ.