ಚೆಂಡನ್ನು ಕೈಯಿಂದ ತೆಗೆದುಕೊಳ್ಳುವ ಕೆಲಸ: ಕಾಲೇಜು ಬೇಸ್‌ಬಾಲ್‌ನ ಪಿಚಿಂಗ್ ಕೋಚ್ ಆಗಿ ನನ್ನ ಅನುಭವ

ಅಮೆರಿಕದ ಕಾಲೇಜು ತಂಡವೊಂದರಲ್ಲಿ ಪಿಚರ್‌ಗಳನ್ನು, ಅಂದರೆ ಬ್ಯಾಟರ್‌ನತ್ತ ಚೆಂಡೆಸೆಯುವ ಹುಡುಗರನ್ನು, ತರಬೇತುಗೊಳಿಸುವುದು ನನ್ನ ಉದ್ಯೋಗ. ಕ್ರಿಕೆಟ್ ಬಲ್ಲವರಿಗೆ ಮೊದಲು ಒಂದೆರಡು ಅಳತೆಗಳನ್ನು ಹೇಳಿಬಿಡುತ್ತೇನೆ. ಪಿಚರ್ ನಿಲ್ಲುವ ಮಣ್ಣಿನ ದಿಬ್ಬ 10 ಅಂಗುಲ ಎತ್ತರವಿರುತ್ತದೆ. ಅಲ್ಲಿಂದ ಬ್ಯಾಟರ್‌ನ ಪಕ್ಕದ ತಟ್ಟೆಗೆ 60 ಅಡಿ 6 ಅಂಗುಲ, ನಮ್ಮ 22 ಗಜದ ಪಿಚ್‌ಗಿಂತ ಐದೂವರೆ ಅಡಿ ಕಡಿಮೆ. ಆ ತಟ್ಟೆಯ ಅಗಲ 17 ಅಂಗುಲ ಮಾತ್ರ. ಓಡಿಬಂದು ಎಸೆಯುವಂತಿಲ್ಲ, ವೇಗವೆಲ್ಲವೂ ನಿಂತಲ್ಲಿಂದಲೇ, ಕಾಲು, ಸೊಂಟ, ಬೆನ್ನುಗಳ ಮೂಲಕ ಹಾದು ಕೊನೆಗೆ ಮೊಣಕೈಯ ಒಳಬದಿಯ ಒಂದು ಸಣ್ಣ ಅಸ್ಥಿಬಂಧದ ಮೇಲೆ ಬೀಳಬೇಕು. ನನ್ನ ವೃತ್ತಿಜೀವನದ ಬಹುಭಾಗ ಆ ಅಸ್ಥಿಬಂಧದ ಕಾಳಜಿಯಲ್ಲೇ ಕಳೆದಿದೆ.

ನಾನು ಹುಟ್ಟಿದ್ದು ಮೈಸೂರಿನಲ್ಲಿ. 1997ರಲ್ಲಿ, ನನಗೆ ಹನ್ನೆರಡು ವರ್ಷವಾಗಿದ್ದಾಗ, ತಂದೆಯವರ ಕೆಲಸದ ನಿಮಿತ್ತ ನಾವು ಷಿಕಾಗೊ ನಗರದ ಹೊರವಲಯಕ್ಕೆ ಬಂದೆವು. ಅದಕ್ಕೆ ಹಿಂದಿನ ವರ್ಷವಷ್ಟೇ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವೆಂಕಟೇಶ್ ಪ್ರಸಾದ್ ಅವರು ಆಮಿರ್ ಸೊಹೇಲ್ ಅವರನ್ನು ಬೌಲ್ಡ್ ಮಾಡಿದ್ದನ್ನು ಬೀದಿಯ ಹುಡುಗರೆಲ್ಲರೂ ಒಂದೇ ಟಿ.ವಿ.ಯ ಮುಂದೆ ಕುಳಿತು ನೋಡಿದ್ದೆವು. ಟೆನಿಸ್ ಚೆಂಡಿನಲ್ಲಿ ಬೌಲಿಂಗ್ ಮಾಡುವುದೇ ನನಗೆ ಗೊತ್ತಿದ್ದ ಏಕೈಕ ವಿದ್ಯೆಯಾಗಿತ್ತು. ಹೊಸ ಶಾಲೆಯಲ್ಲಿ ಕ್ರಿಕೆಟ್ ಇರಲಿಲ್ಲ. ವ್ಯಾಯಾಮದ ಮೇಷ್ಟರು ನಾನು ಕೈ ನೇರವಾಗಿಟ್ಟು ಎಸೆಯುವುದನ್ನು ಕಂಡು, ಮೊಣಕೈಯನ್ನು ಮಡಿಸಿ ಎಸೆಯಲು ಕಲಿಸಿದರು. ಕ್ರಿಕೆಟ್‌ನಲ್ಲಿ ಯಾವುದನ್ನು ‘ಥ್ರೋ’ ಎಂದು ದೂಷಿಸುತ್ತಾರೋ ಅದನ್ನೇ ಇಲ್ಲಿ ಆಟದ ತಿರುಳೆಂದು ಒಪ್ಪಿಕೊಳ್ಳಲು ನನ್ನ ಭುಜಕ್ಕೆ ಎರಡು ವರ್ಷ ಬೇಕಾಯಿತು.

ಹೈಸ್ಕೂಲಿನ ನಂತರ ಎರಡು ವರ್ಷದ ಒಂದು ಜೂನಿಯರ್ ಕಾಲೇಜಿನಲ್ಲೂ, ಅನಂತರ ಕಾಲೇಜು ಆಟದ ಎರಡನೆಯ ದರ್ಜೆಯಾದ ಡಿವಿಷನ್ 2ರ ಒಂದು ಕಾಲೇಜಿನಲ್ಲೂ ಆಡಿದೆ. ಗಂಟೆಗೆ 86 ಮೈಲಿಗಿಂತ ಹೆಚ್ಚಿನ ವೇಗ ನನ್ನ ಕೈಗೆ ಒಲಿಯಲಿಲ್ಲ. ಮೇಲಿನ ಹಂತದಲ್ಲಿ 90 ದಾಟಿದವರನ್ನೇ ಹುಡುಕುತ್ತಾರೆ. ಆ ವೇಗದ ಚೆಂಡು ತಟ್ಟೆಯನ್ನು ಮುಟ್ಟಲು ಸುಮಾರು 0.4 ಸೆಕೆಂಡು ಸಾಕು. ವೇಗವಿಲ್ಲದ ನಾನು ಆಟದಲ್ಲಿ ಉಳಿದದ್ದು ಚೇಂಜ್‌ಅಪ್ ಎಂಬ ನಿಧಾನದ ಎಸೆತದಿಂದ, ಮತ್ತು ಅದನ್ನು ಇತರರಿಗೆ ಕಲಿಸಬಲ್ಲೆನೆಂದು ತಿಳಿದದ್ದರಿಂದಲೇ ಕೋಚ್ ಆಗುವ ಯೋಚನೆ ಹುಟ್ಟಿತು.

ಚೇಂಜ್‌ಅಪ್ ಕಲಿಸುವುದು ಇಂದಿಗೂ ನನಗೆ ಅತ್ಯಂತ ಪ್ರಿಯವಾದ ಕೆಲಸ. ಹೆಬ್ಬೆರಳು ಮತ್ತು ತೋರುಬೆರಳು ಚೆಂಡಿನ ಪಕ್ಕದಲ್ಲಿ ಒಂದು ಬಳೆಯಂತೆ ಕೂಡಿಕೊಳ್ಳುತ್ತವೆ. ಚೆಂಡನ್ನು ಉಳಿದ ಮೂರು ಬೆರಳುಗಳು ಅಂಗೈಗೆ ಹತ್ತಿರವಾಗಿ ಹಿಡಿಯುತ್ತವೆ. ತೋಳು ಮಾತ್ರ ವೇಗದ ಎಸೆತಕ್ಕೆ ತಿರುಗಿದಷ್ಟೇ ರಭಸದಿಂದ ತಿರುಗಬೇಕು. ಹಿಡಿತವೇ ವೇಗವನ್ನು ಎಂಟು-ಹತ್ತು ಮೈಲಿಯಷ್ಟು ನುಂಗುತ್ತದೆ. ಇದನ್ನು ಕಲಿಯುವ ಪ್ರತಿಯೊಬ್ಬ ಹುಡುಗನೂ ಮೊದಲು ಮಾಡುವ ತಪ್ಪೆಂದರೆ ತಾನೇ ತೋಳನ್ನು ನಿಧಾನಗೊಳಿಸುವುದು. ಆಗ ಬ್ಯಾಟರ್‌ಗೆ ಎಲ್ಲವೂ ತಿಳಿದುಬಿಡುತ್ತದೆ. ನಾನು ಅವರಿಗೆ ಪ್ರಸಾದ್ ಅವರ ಲೆಗ್ ಕಟರ್‌ನ ಹಳೆಯ ವಿಡಿಯೊಗಳನ್ನು ತೋರಿಸುತ್ತೇನೆ. ಓಟದಲ್ಲಾಗಲಿ ತೋಳಿನಲ್ಲಾಗಲಿ ಯಾವ ಬದಲಾವಣೆಯೂ ಕಾಣದೆ, ಚೆಂಡು ಮಾತ್ರ ತಡವಾಗಿ ಬರುವುದನ್ನು ನೋಡಿ, ಕ್ರಿಕೆಟ್‌ನ ಗಂಧವೂ ಇಲ್ಲದ ಆಯೋವಾದ ಹುಡುಗರು ಮತ್ತೊಮ್ಮೆ ಹಾಕಿ ಎಂದು ಕೇಳಿದ್ದಾರೆ. ಹಿಡಿತ ಒಂದು ದಿನದಲ್ಲಿ ಬರುತ್ತದೆ, ತೋಳನ್ನು ನಂಬುವುದಕ್ಕೆ ಒಂದು ಇಡೀ ಶರತ್ಕಾಲ ಹಿಡಿಯುತ್ತದೆ.

ಕೆಲಸ ಸಿಕ್ಕ ಬಗೆಯನ್ನೂ ಹೇಳಬೇಕು, ಏಕೆಂದರೆ ಈ ವೃತ್ತಿಗೆ ಬರಬಯಸುವವರು ಅದನ್ನೇ ಮೊದಲು ಕೇಳುತ್ತಾರೆ. ಮೊದಲ ನಾಲ್ಕು ವರ್ಷ ಜೂನಿಯರ್ ಕಾಲೇಜಿನಲ್ಲಿ ಅತ್ಯಲ್ಪ ಭತ್ಯೆಯ ಸಹಾಯಕನಾಗಿದ್ದೆ. ಮೈದಾನದ ಹುಲ್ಲು ಕತ್ತರಿಸುವುದು, ತಂಡದ ವ್ಯಾನ್ ಓಡಿಸುವುದು, ಬಟ್ಟೆ ಒಗೆಯುವುದು ಎಲ್ಲವೂ ಅದರಲ್ಲಿ ಸೇರಿತ್ತು. 2011ರಿಂದ ಮೂರು ವರ್ಷ ಡಿವಿಷನ್ 1ರ ತಂಡವೊಂದರಲ್ಲಿ ಸ್ವಯಂಸೇವಕ ಕೋಚ್ ಆಗಿದ್ದೆ. ಆಗಿನ ನಿಯಮದಂತೆ ಬೇಸ್‌ಬಾಲ್ ತಂಡಕ್ಕೆ ಒಬ್ಬ ಮುಖ್ಯ ಕೋಚ್, ಸಂಬಳವಿರುವ ಇಬ್ಬರು ಸಹಾಯಕರು ಮತ್ತು ಒಬ್ಬ ಸ್ವಯಂಸೇವಕ ಮಾತ್ರ ಇರಬಹುದಿತ್ತು. ಆ ನಾಲ್ಕನೆಯವನು ಉಳಿದವರಷ್ಟೇ ಹೊತ್ತು ದುಡಿಯುತ್ತಿದ್ದನು, ಆದರೆ ಕಾಲೇಜು ಅವನಿಗೆ ಸಂಬಳ ಕೊಡುವಂತಿರಲಿಲ್ಲ. ಬೇಸಿಗೆಯ ಮಕ್ಕಳ ಶಿಬಿರಗಳಿಂದ ಬಂದ ಹಣ, ಖಾಸಗಿ ಪಾಠ ಮತ್ತು ಬೆಳಗಿನ ಜಾವ ದಿನಸಿ ಗೋದಾಮಿನಲ್ಲಿ ಲಾರಿ ಇಳಿಸುವ ಕೆಲಸದಿಂದ ನಾನು ಬಾಡಿಗೆ ಕಟ್ಟಿದೆ. 2023ರ ಜುಲೈ 1ರಿಂದ ಆ ಸ್ವಯಂಸೇವಕ ಹುದ್ದೆಯನ್ನೇ ತೆಗೆದುಹಾಕಿ, ಮೂರನೆಯ ಸಹಾಯಕನಿಗೂ ಸಂಬಳ ಕೊಡಲು ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಎನ್‌ಸಿಎಎ ಅವಕಾಶ ಮಾಡಿತು. ಅದು ಬಹಳ ಮೊದಲೇ ಆಗಬೇಕಿದ್ದ ನ್ಯಾಯ ಎಂದು ನಾನು ದೃಢವಾಗಿ ನಂಬುತ್ತೇನೆ. ಬಾಡಿಗೆ ಕಟ್ಟಲಾಗದೆ ಈ ವೃತ್ತಿಯನ್ನು ಬಿಟ್ಟುಹೋದ ಒಳ್ಳೆಯ ಕೋಚ್‌ಗಳನ್ನು ನಾನು ಬಲ್ಲೆ.

ಆ ವರ್ಷಗಳಲ್ಲಿ ತಂದೆಯವರು ಒಮ್ಮೆಯೂ ಈ ಕೆಲಸ ಬಿಡು ಎನ್ನಲಿಲ್ಲ. ಭಾನುವಾರದ ಪಂದ್ಯಗಳಿಗೆ ಬಂದು, ತಟ್ಟೆಯ ಹಿಂದಿನ ಸಾಲಿನಲ್ಲಿ ಕುಳಿತು, ಪ್ರತಿ ಎಸೆತವನ್ನೂ ಒಂದು ಗ್ರಾಫ್ ಹಾಳೆಯಲ್ಲಿ ಗುರುತಿಸಿಕೊಳ್ಳುತ್ತಿದ್ದರು. ಆ ಹಾಳೆಗಳು ಈಗಲೂ ನನ್ನ ಬಳಿ ಇವೆ.

2014ರಲ್ಲಿ ಡಿವಿಷನ್ 2ರ ಕಾಲೇಜೊಂದರಲ್ಲಿ ನನಗೆ ಪೂರ್ಣಾವಧಿಯ ಪಿಚಿಂಗ್ ಕೋಚ್ ಹುದ್ದೆ ದೊರೆಯಿತು. ನನ್ನಿಂದಾದ ದೊಡ್ಡ ತಪ್ಪು ನಡೆದದ್ದೂ ಅಲ್ಲಿಯೇ, 2016ರ ಏಪ್ರಿಲ್‌ನಲ್ಲಿ. ನಮ್ಮಲ್ಲಿ ಮೂರನೆಯ ವರ್ಷದ ಒಬ್ಬ ಹುಡುಗನಿದ್ದನು, ರೈತರ ಮನೆಯವನು, ಮಿತಭಾಷಿ. ವಾರಾಂತ್ಯದ ಸರಣಿಯ ಮೊದಲ ಪಂದ್ಯವನ್ನು ತಂಡದ ಅತ್ಯುತ್ತಮ ಪಿಚರ್‌ಗೆ ಕೊಡುವುದು ವಾಡಿಕೆ; ಅದು ಅವನದಾಗಿತ್ತು. ಕಾಲೇಜಿನ ಆಟಗಾರರನ್ನು ವೃತ್ತಿಪರ ತಂಡಗಳು ಸಾಮಾನ್ಯವಾಗಿ ಮೂರನೆಯ ವರ್ಷದ ನಂತರವೇ ಡ್ರಾಫ್ಟ್‌ನಲ್ಲಿ ಆರಿಸಿಕೊಳ್ಳುವುದರಿಂದ, ಆ ವಸಂತಕಾಲವೇ ಅವನ ಪಾಲಿಗೆ ನಿರ್ಣಾಯಕವಾಗಿತ್ತು. ಆ ದಿನ ನಾಲ್ಕನೆಯ ಇನಿಂಗ್ಸ್‌ನಲ್ಲಿ (ಬೇಸ್‌ಬಾಲ್ ಪಂದ್ಯದಲ್ಲಿ ಸಾಮಾನ್ಯವಾಗಿ ಒಂಬತ್ತು ಇನಿಂಗ್ಸ್ ಇರುತ್ತವೆ) ಅವನ ವೇಗ 91ರಿಂದ 88ಕ್ಕೆ ಇಳಿಯಿತು. ಚೆಂಡು ಅವನ ಎಸೆಯುವ ಕೈಯ ಬದಿಗೇ, ಎತ್ತರದಲ್ಲಿ ತಪ್ಪತೊಡಗಿತು. ತೋಳು ದಣಿದಾಗ ಹೀಗಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ದಿಬ್ಬಕ್ಕೆ ನಡೆದುಹೋಗಿ, “ಕೈ ಹೇಗಿದೆ?” ಎಂದು ಕೇಳಿದೆ. “ಚೆನ್ನಾಗಿದೆ, ಕೋಚ್,” ಎಂದನು. ವೃತ್ತಿಪರ ತಂಡಗಳಿಗೆ ಆಟಗಾರರನ್ನು ಹುಡುಕುವ ಮೂವರು ಸ್ಕೌಟ್‌ಗಳು ವೇಗ ಅಳೆಯುವ ಯಂತ್ರ ಹಿಡಿದು ಅವನನ್ನೇ ನೋಡುತ್ತ ಕುಳಿತಿದ್ದರು. ನಾನು ಅವನ ಮಾತನ್ನು ನಂಬಿ ಡಗ್‌ಔಟ್‌ಗೆ ಮರಳಿದೆ. ಅವನು ಒಟ್ಟು 118 ಎಸೆತ ಹಾಕಿ ಪಂದ್ಯ ಗೆದ್ದುಕೊಟ್ಟನು.

ಮುಂದಿನ ಶುಕ್ರವಾರ ಎರಡನೆಯ ಇನಿಂಗ್ಸ್‌ನಲ್ಲಿ ಸ್ಲೈಡರ್ ಎಂಬ ತಿರುವಿನ ಎಸೆತವೊಂದನ್ನು ಎಸೆದವನೇ ಕೈಯನ್ನು ಒದರಿ, ಕೈಗವಸನ್ನು ಕೆಳಗೆ ಹಾಕಿದನು. ಮೊಣಕೈಯ ಆ ಅಸ್ಥಿಬಂಧ ಹರಿದಿತ್ತು. ಆಸ್ಪತ್ರೆಯಿಂದ ಮರಳುವಾಗ ಅವನ ಕೋಣೆಯ ಜೊತೆಗಾರ ಅಳುತ್ತಾ ಹೇಳಿದ ಮಾತನ್ನು ನಾನು ಮರೆತಿಲ್ಲ: ಹತ್ತು ದಿನಗಳಿಂದ ಅವನು ಎಡಗೈಯಲ್ಲಿ ಹಲ್ಲುಜ್ಜುತ್ತಿದ್ದನಂತೆ. ಇಡೀ ವಾರ ಅವನ ಎಸೆತದ ಕೋನಗಳನ್ನು ಅಳೆದ ನಾನು ಅವನು ಊಟದ ತಟ್ಟೆಯನ್ನು ಯಾವ ಕೈಯಲ್ಲಿ ಹಿಡಿದಿದ್ದನೆಂದು ನೋಡಿರಲಿಲ್ಲ.

ಇದಕ್ಕಿರುವ ಚಿಕಿತ್ಸೆಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಎಂದೇ ಹೆಸರು. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಡಾಡ್ಜರ್ಸ್ ತಂಡದ ಪಿಚರ್ ಟಾಮಿ ಜಾನ್ ಅವರಿಗೆ, ದೇಹದ ಬೇರೆಡೆಯ ಸ್ನಾಯುರಜ್ಜುವನ್ನು ತೆಗೆದು ಮೊಣಕೈಗೆ ಕಸಿ ಮಾಡಿದರು. ಜಾನ್ 1976ರಲ್ಲಿ ಮರಳಿ ಬಂದು 1989ರವರೆಗೂ ಆಡಿದರು. ಆ ಯಶಸ್ಸಿನ ಕಥೆಯೇ ಹುಡುಗರಲ್ಲಿ ಒಂದು ಅಪಾಯಕಾರಿ ಧೈರ್ಯವನ್ನು ತುಂಬಿದೆ. ಹರಿದರೆ ಹೊಲಿಸಿಕೊಂಡರಾಯಿತು ಎಂದುಕೊಳ್ಳುತ್ತಾರೆ. ಆದರೆ ಮತ್ತೆ ಪಂದ್ಯಕ್ಕೆ ಮರಳಲು ಒಂದು ವರ್ಷದಿಂದ ಒಂದೂವರೆ ವರ್ಷ ಬೇಕು, ಮತ್ತು ಎಲ್ಲರೂ ಮರಳುವುದಿಲ್ಲ. ನಮ್ಮ ಹುಡುಗ ಮರಳಿದನು, ಕೊನೆಯ ವರ್ಷ ಕೆಲವು ಇನಿಂಗ್ಸ್ ಎಸೆದನು, ಡ್ರಾಫ್ಟ್‌ನಲ್ಲಿ ಅವನ ಹೆಸರು ಬರಲಿಲ್ಲ. ಅವನ ಮನೆಗೆ ಹೋಗಿ, ಅವನ ತಂದೆತಾಯಿಯ ಮುಂದೆ, ನಾಲ್ಕನೆಯ ಇನಿಂಗ್ಸ್‌ನಲ್ಲಿ ಚೆಂಡನ್ನು ಅವನ ಕೈಯಿಂದ ತೆಗೆದುಕೊಂಡು ಅವನನ್ನು ಆಟದಿಂದ ಹೊರಗೆ ಕಳಿಸಬೇಕಾದವನು ನಾನೇ ಎಂದು ಹೇಳಿ ಬಂದೆ.

ಅಂದಿನಿಂದ ನನ್ನ ರೀತಿ ಬದಲಾಯಿತು. ಕಾಲೇಜು ಹಂತದಲ್ಲಿ ಎಸೆತಗಳ ಸಂಖ್ಯೆಗೆ ಕಡ್ಡಾಯ ಮಿತಿ ಇಲ್ಲ; ವೃತ್ತಿಪರರ ಅತ್ಯುನ್ನತ ಹಂತವಾದ ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸಂಸ್ಥೆ ಸೇರಿ 2014ರಲ್ಲಿ ಹೊರತಂದ ಮಾರ್ಗಸೂಚಿ ಕೇವಲ ಸಲಹೆ, ಅದರಲ್ಲಿ 17-18ರ ವಯಸ್ಸಿನವರಿಗೆ ದಿನಕ್ಕೆ 105 ಎಸೆತ ಎಂದಿದೆ. ನಾನು ಪಂದ್ಯದ ಎಸೆತಗಳ ಜೊತೆಗೆ ಪಿಚರ್‌ಗಳು ಕೈ ಸಡಿಲಿಸಿಕೊಳ್ಳುವ ಜಾಗವಾದ ಬುಲ್‌ಪೆನ್‌ನಲ್ಲಿ ಹಾಕಿದವನ್ನೂ, ಇನಿಂಗ್ಸ್‌ಗಳ ನಡುವಿನ ಅಭ್ಯಾಸದವನ್ನೂ ಎಣಿಸಿ ಬರೆದಿಡುತ್ತೇನೆ, ಏಕೆಂದರೆ ಮೊಣಕೈಗೆ ಅವು ಬೇರೆಬೇರೆಯಲ್ಲ. ರ‍್ಯಾಪ್ಸೊಡೊ, ಟ್ರ್ಯಾಕ್‌ಮನ್ ಯಂತ್ರಗಳು ಚೆಂಡಿನ ತಿರುಗುವಿಕೆಯನ್ನೂ ಕೈಯಿಂದ ಬಿಡುವ ಎತ್ತರವನ್ನೂ ತೋರಿಸುತ್ತವೆ. ಬಿಡುವ ಎತ್ತರ ಎರಡು ಅಂಗುಲ ಕುಸಿದರೆ ನಾನು ಎಚ್ಚರಗೊಳ್ಳುತ್ತೇನೆ. ಆದರೂ ಹುಡುಗನೊಬ್ಬ ಮುಚ್ಚಿಟ್ಟ ನೋವು ಯಂತ್ರಕ್ಕೆ ಕಾಣುವ ಹೊತ್ತಿಗೆ ಬಹಳ ತಡವಾಗಿರುತ್ತದೆ. “ಕೈ ಹೇಗಿದೆ?” ಎಂಬ ಪ್ರಶ್ನೆಯನ್ನು ನಾನು ಬಿಟ್ಟುಬಿಟ್ಟೆ. ಅದಕ್ಕೆ ಇಪ್ಪತ್ತು ವರ್ಷದ ಯಾವ ಪಿಚರ್‌ನಿಂದಲೂ ಒಂದೇ ಉತ್ತರ ಬರುತ್ತದೆ. ರಾತ್ರಿ ಯಾವ ಮಗ್ಗುಲಲ್ಲಿ ಮಲಗಿದೆ, ಕಾರಿನ ಬಾಗಿಲನ್ನು ಯಾವ ಕೈಯಿಂದ ಎಳೆದೆ, ತಲೆಗೆ ಸೋಪು ಹಚ್ಚಲು ಕೈ ಎತ್ತಿದಾಗ ಏನನ್ನಿಸಿತು ಎಂದು ಕೇಳುತ್ತೇನೆ. ಶರತ್ಕಾಲದ ಮೊದಲ ದಿನವೇ ಎಲ್ಲರಿಗೂ ಹೇಳಿಬಿಡುತ್ತೇನೆ: ನೋವು ಹೇಳಿದವನ ಸ್ಥಾನ ಹೋಗುವುದಿಲ್ಲ. ಆ ಮಾತನ್ನು ಉಳಿಸಿಕೊಳ್ಳಲು ಎರಡು ಬಾರಿ ಮುಖ್ಯ ಕೋಚ್‌ರೊಂದಿಗೆ ನಿಷ್ಠುರ ಕಟ್ಟಿಕೊಂಡಿದ್ದೇನೆ.

2019ರಿಂದ ನಾನು ಡಿವಿಷನ್ 1ರಲ್ಲಿದ್ದೇನೆ. ಅಷ್ಟರಲ್ಲಿ ಈ ವೃತ್ತಿಯ ಸ್ವರೂಪವೇ ಬದಲಾಗಿತ್ತು. 2018ರ ಕೊನೆಯಲ್ಲಿ ವೆಸ್ ಜಾನ್ಸನ್ ಅವರು ಅರ್ಕಾನ್ಸಾ ವಿಶ್ವವಿದ್ಯಾಲಯದಿಂದ ನೇರವಾಗಿ ಮೇಜರ್ ಲೀಗ್‌ನ ಮಿನೆಸೋಟ ಟ್ವಿನ್ಸ್ ತಂಡದ ಪಿಚಿಂಗ್ ಕೋಚ್ ಆಗಿ ಹೋದರು. ಎರಡು ವರ್ಷದ ನಂತರ ಮಿಷಿಗನ್‌ನಿಂದ ಕ್ರಿಸ್ ಫೆಟರ್ ಡೆಟ್ರಾಯಿಟ್ ಟೈಗರ್ಸ್‌ಗೆ ಹೋದರು. 2022ರಲ್ಲಿ ಜಾನ್ಸನ್ ಋತುವಿನ ನಡುವೆಯೇ ಮೇಜರ್ ಲೀಗ್ ತೊರೆದು ಎಲ್‌ಎಸ್‌ಯು ಕಾಲೇಜಿಗೆ ಮರಳಿದಾಗ, ಕಾಲೇಜಿನ ಕೆಲಸ ಮೆಟ್ಟಿಲು ಮಾತ್ರವಲ್ಲ ಎಂದು ನಮ್ಮಂಥವರಿಗೆ ಬಹಳ ಸಮಾಧಾನವಾಯಿತು. ಮರುವರ್ಷ ಅಲ್ಲಿನ ಪಿಚರ್ ಪಾಲ್ ಸ್ಕೀನ್ಸ್ 209 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗಳಿಂದ ಬ್ಯಾಟರ್‌ನನ್ನು ಔಟ್ ಮಾಡುವುದು) ಪಡೆದನು, ತಂಡ ಒಮಾಹಾದಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಭಾರತೀಯ ಮೂಲದ ತಾಯಿಯ ಮಗನಾದ ಕಾಲೇಜು ಪಿಚರ್ ಕುಮಾರ್ ರಾಕರ್ 2019ರ ಜೂನ್‌ನಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವಿರುದ್ಧ ಒಂದೂ ಹಿಟ್ ಕೊಡದೆ 19 ಸ್ಟ್ರೈಕ್‌ಔಟ್ ಪಡೆದ ರಾತ್ರಿ, ಬೇಸ್‌ಬಾಲ್ ಬಗ್ಗೆ ಎಂದೂ ಕೇಳದ ನನ್ನ ತಾಯಿ ಫೋನ್ ಮಾಡಿ ಅವನ ಹೆಸರು ಹೇಳಿದ್ದರು.

ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಸುಲಭವಾಗಿ ವರ್ಗವಾಗುವ ವ್ಯವಸ್ಥೆ ಬಂದ ಮೇಲೆ, ಎರಡು ವರ್ಷ ತಿದ್ದಿದ ಹುಡುಗ ಮೂರನೆಯ ವರ್ಷ ಎದುರಾಳಿಯ ದಿಬ್ಬದ ಮೇಲೆ ನಿಂತಿರಬಹುದು. ಅದು ನೋಯಿಸುತ್ತದೆ, ಆದರೆ ನಾನು ಅವರನ್ನು ದೂರುವುದಿಲ್ಲ. ಕೋಚ್‌ಗಳು ಹಿಂದಿನಿಂದಲೂ ಹಾಗೆಯೇ ಹೋಗುತ್ತಿದ್ದರು.

ಈ ವರ್ಷ ಫೆಬ್ರವರಿಯ ನಡುವೆ ಋತು ಆರಂಭವಾದಾಗ ನಮ್ಮ ಮೈದಾನದಲ್ಲಿ ಇನ್ನೂ ಹಿಮವಿತ್ತು. ಉತ್ತರದ ತಂಡಗಳೆಲ್ಲವೂ ಮಾಡುವಂತೆ ನಾವೂ ಮೊದಲ ಸರಣಿಗೆ ದಕ್ಷಿಣಕ್ಕೆ ಹೊರಟೆವು. ಮುಂಜಾನೆ ಬಸ್ ಹತ್ತುವಾಗ ನಾನು ಬಾಗಿಲ ಬಳಿ ನಿಂತು ಪಿಚರ್‌ಗಳನ್ನು ಒಬ್ಬೊಬ್ಬರಾಗಿ ನೋಡುತ್ತಿದ್ದೆ. ಮೊದಲ ಪಂದ್ಯಕ್ಕೆ ನಿಗದಿಯಾಗಿದ್ದ ಹುಡುಗ ಎಂದೂ ಬಲಭುಜದಲ್ಲಿ ಹಾಕಿಕೊಳ್ಳುವ ಚೀಲವನ್ನು ಎಡಭುಜಕ್ಕೆ ಹಾಕಿಕೊಂಡು ಬಂದನು. ನಾನು ಹೋಗಿ ಅವನ ಪಕ್ಕದಲ್ಲಿ ಕುಳಿತೆ. ಊರು ದಾಟಿ ಹತ್ತು ನಿಮಿಷವಾದ ಮೇಲೆ ಅವನೇ ಬಾಯಿ ಬಿಟ್ಟನು: “ಮಂಗಳವಾರದಿಂದ ಸ್ವಲ್ಪ ಹಿಡಿದಂತಿದೆ, ಕೋಚ್.” ನಾನು ಪುಸ್ತಕ ತೆರೆದು ಶುಕ್ರವಾರದ ಸಾಲಿನಲ್ಲಿದ್ದ ಅವನ ಹೆಸರನ್ನು ಅವನ ಕಣ್ಣೆದುರೇ ಹೊಡೆದುಹಾಕಿ, ಎರಡು ವಾರದ ನಂತರದ ಪುಟದಲ್ಲಿ ಅದೇ ಸ್ಥಾನದಲ್ಲಿ ಬರೆದೆ.